ಒಂದು ಜಾಬ್‌ನಂತೆ ಇನ್ನೊಂದಿಲ್ಲ: ಹಾಗಾದರೆ ದಕ್ಷತೆ ಅಳೆಯುವುದು ಹೇಗೆ?

ದಿನವಿಡೀ ಒಂದೇ ಥರದ ಡಬ್ಬಿಗೆ ಮುಚ್ಚಳ ಹಾಕುವವರ ಕೆಲಸ ಅಳೆಯುವುದು ಸುಲಭ. ಗಂಟೆಗೆ ಎಷ್ಟು ಡಬ್ಬಿ ಅಂತ ಎಣಿಸಿದರೆ ಮುಗಿಯಿತು. ಆದರೆ ಯಂತ್ರ ರಿಪೇರಿ ಮಾಡುವವರನ್ನು ನೋಡಿ. ಆರ್ಡರ್ ಬಂದ ಹಾಗೆ ಬಿಡಿಭಾಗ ಮಾಡಿಕೊಡುವ ಟರ್ನರ್‌ನನ್ನು ನೋಡಿ. ಇವತ್ತಿನ ಕೆಲಸ ನಾಳೆ ಇರುವುದಿಲ್ಲ. ಒಬ್ಬರು ವಾರದಲ್ಲಿ 20 ಜಾಬ್ ಮುಗಿಸಿದರು, ಇನ್ನೊಬ್ಬರು 3. ಯಾರು ಚುರುಕು? ಇಷ್ಟರಿಂದ ಹೇಳಲು ಆಗುವುದಿಲ್ಲ, ಅಲ್ವಾ?

ಈ ಪಾಠ ಮೊದಲ ಸಲ ಓದುವಾಗ, ಜಾಬ್‌ಗಳನ್ನು ಒಂದಕ್ಕೊಂದು ಹೋಲಿಸುವ ಸೂತ್ರ ಎಲ್ಲಿದೆ ಅಂತ ಹುಡುಕುತ್ತಾ ಕೂತಿದ್ದೆ. ಸುಮ್ನೆ ಟೈಮ್ ವೇಸ್ಟ್. ಹೋಲಿಸಬೇಕಾದ್ದು ಜಾಬ್‌ಗೆ ಜಾಬನ್ನಲ್ಲ. ಪ್ರತಿ ಜಾಬ್‌ಗೂ ಅದರದ್ದೇ ಒಂದು ಅಳತೆ ಇರುತ್ತದೆ: ಇದಕ್ಕೆ ಎಷ್ಟು ಗಂಟೆ ಬೇಕಿತ್ತು, ಎಷ್ಟು ಹಿಡಿಯಿತು. ಬೇಕಿದ್ದದ್ದು ಪ್ರಮಾಣ ಗಂಟೆ, ಹಿಡಿದದ್ದು ವಾಸ್ತವ ಗಂಟೆ. ವೆಲ್ಡಿಂಗ್ ಮತ್ತು ವೈರಿಂಗನ್ನು ಕೂಡಿಸಲು ಬರುವುದಿಲ್ಲ, ಆದರೆ ಅವುಗಳ ಪ್ರಮಾಣ ಗಂಟೆಗಳನ್ನು ಕೂಡಿಸಬಹುದು.

ಒಬ್ಬ ಕೆಲಸಗಾರ ಒಂದು ವಾರದಲ್ಲಿ ಐದು ಜಾಬ್ ಮಾಡಿದ ಅಂದುಕೊಳ್ಳಿ. ಪ್ರಮಾಣ ಗಂಟೆಗಳು 3, 8, 2, 12, 7. ಒಟ್ಟು 32. ನಿಜವಾಗಿ ಹಿಡಿದದ್ದು 2, 9, 1, 16, 8. ಒಟ್ಟು 36. ದಕ್ಷತೆ 32 ಭಾಗಿಸು 36, ಅಂದರೆ ಸುಮಾರು 89%.

ಇಲ್ಲೇ ಒಂದು ಗುಂಡಿ ಇದೆ, ನಾನೂ ಬಿದ್ದಿದ್ದೆ. ಪ್ರತಿ ಜಾಬ್‌ನ ದಕ್ಷತೆ ಬೇರೆ ಬೇರೆ ತೆಗೆದು ಸರಾಸರಿ ಮಾಡಿದರೆ ಏನಾಗುತ್ತದೆ? 150, 89, 200, 75, 87.5. ಸರಾಸರಿ ಸುಮಾರು 120%! ಅದೇ ಮನುಷ್ಯ, ಅದೇ ವಾರ. ಒಂದು ಗಂಟೆಯಲ್ಲಿ ಮುಗಿದ ಸಣ್ಣ ಜಾಬ್‌ಗೂ 16 ಗಂಟೆ ತಿಂದ ದೊಡ್ಡ ಜಾಬ್‌ಗೂ ಸಮಾನ ತೂಕ ಕೊಟ್ಟಿದ್ದೇ ತಪ್ಪು. ಮೊದಲು ಕೂಡಿಸಿ, ಆಮೇಲೆ ಭಾಗಿಸಿ.

ಆತ ಆ ವಾರ ಹಾಜರಿದ್ದದ್ದು 45 ಗಂಟೆ ಅನ್ನಿ. ಜಾಬ್ ಮೇಲೆ ಕಳೆದದ್ದು 36. ಉಳಿದ 9 ಗಂಟೆ ಸಾಮಾನು ಬರಲಿಲ್ಲ, ಡ್ರಾಯಿಂಗ್ ಸಿಗಲಿಲ್ಲ ಅಂತ ಕಾಯುವುದರಲ್ಲೇ ಹೋಯಿತು. 36 ಭಾಗಿಸು 45, ಅಂದರೆ 80%: ಇದು ಬಳಕೆ. ಎರಡನ್ನೂ ಬೆರೆಸಿ 32 ಭಾಗಿಸು 45 ಮಾಡಿದರೆ 71% ಬರುತ್ತದೆ. ಆ ಅಂಕಿಯನ್ನು ಕೆಲಸಗಾರನ ತಲೆಗೆ ಕಟ್ಟುವುದು ಅನ್ಯಾಯ. ಸಾಮಾನು ತಡವಾಗಿದ್ದು ಅವನಿಂದಲ್ಲ. ಕಾಯುವ ಗಂಟೆಗಳನ್ನು ಯಾವತ್ತೂ ಬೇರೆ ಕಾಲಮಿನಲ್ಲಿ ಬರೆಯಿರಿ.

ಈಗ ಕಷ್ಟದ ಪ್ರಶ್ನೆ. ಪ್ರಮಾಣ ಗಂಟೆ ಎಲ್ಲಿಂದ ಬರುತ್ತದೆ?

ಅಮೆರಿಕದ ಇಂಜಿನಿಯರ್ ಫ್ರೆಡರಿಕ್ ಟೇಲರ್ ಕಾಲದಿಂದ ಬಂದ ದಾರಿ ಸ್ಟಾಪ್‌ವಾಚ್. ಕೆಲಸವನ್ನು ನೋಡಿ ಸಮಯ ಬರೆಯುವುದು, ಮಾಡುವವರ ವೇಗಕ್ಕೆ ತಕ್ಕಂತೆ ಸರಿಪಡಿಸುವುದು, ಆಯಾಸ ಇತ್ಯಾದಿಗೆ ಭತ್ಯೆ, ಅಂದರೆ ಹೆಚ್ಚುವರಿ ಸಮಯ, ಸೇರಿಸುವುದು. ನೋಡಿದ ಸಮಯ 20 ನಿಮಿಷ, ವೇಗ 110% ಇದ್ದರೆ ಸಾಮಾನ್ಯ ಸಮಯ 22. ಅದಕ್ಕೆ 15% ಭತ್ಯೆ ಸೇರಿಸಿದರೆ 25.3 ನಿಮಿಷ. ಮತ್ತೆ '100% ವೇಗ' ಅಂದರೆ ಎಷ್ಟು? ಹಳೆಯ ಮಾದರಿ ಒಂದಿದೆ, ನನಗೆ ತುಂಬಾ ಇಷ್ಟ: 52 ಇಸ್ಪೀಟೆಲೆಗಳನ್ನು ನಾಲ್ಕು ಪಾಲಾಗಿ ಅರ್ಧ ನಿಮಿಷದಲ್ಲಿ ಹಂಚುವ ವೇಗ. 1948ರಲ್ಲಿ ಬಂದ ಎಂಟಿಎಂ (ಮೆಥಡ್ಸ್-ಟೈಮ್ ಮೆಷರ್‌ಮೆಂಟ್) ಪದ್ಧತಿ ಇನ್ನೂ ಸೂಕ್ಷ್ಮಕ್ಕೆ ಹೋಯಿತು. ಕೈ ಚಾಚು, ಹಿಡಿ, ಸರಿಸು ಅಂತ ಚಲನೆಗಳಿಗೇ ಸಮಯ ಕಟ್ಟಿತು. ಅದರ ಒಂದು ಮಾನ 0.036 ಸೆಕೆಂಡ್.

ಇವೆಲ್ಲ ಮತ್ತೆ ಮತ್ತೆ ಬರುವ ಕೆಲಸಕ್ಕೆ. ಒಂದೇ ಸಲ ಬರುವ ಜಾಬ್‌ಗೆ ಇಷ್ಟೆಲ್ಲ ಮಾಡಿದರೆ ಅಳೆಯುವ ಖರ್ಚೇ ಕೆಲಸಕ್ಕಿಂತ ಜಾಸ್ತಿ. ಅಲ್ಲಿ ನೆರವಿಗೆ ಬರುವುದು ಹೋಲಿಕೆಯ ಅಂದಾಜು. ಮೊದಲೇ ಚೆನ್ನಾಗಿ ಅಳೆದ ಕೆಲವು ಮಾದರಿ ಜಾಬ್‌ಗಳನ್ನು ಗಂಟೆಯ ಗೂಡುಗಳಲ್ಲಿ ಜೋಡಿಸಿಡುತ್ತಾರೆ: 1ರಿಂದ 2, 2ರಿಂದ 4, 4ರಿಂದ 8, ಹೀಗೆ. ಹೊಸ ಜಾಬ್ ಬಂದರೆ 'ಇದು ಯಾವುದರ ಹಾಗಿದೆ' ಅಂತ ಕೇಳಿ ಗೂಡಿಗೆ ಹಾಕುತ್ತಾರೆ. 2ರಿಂದ 4ರ ಗೂಡಿಗೆ ಬಿದ್ದರೆ 3 ಗಂಟೆ ಅನ್ನುತ್ತಾರೆ.

ಇಷ್ಟು ಒರಟು ಲೆಕ್ಕ ನಂಬಬಹುದಾ? ಒಂದು ಜಾಬ್‌ಗೆ ನಂಬಬೇಡಿ. ಹಲವಕ್ಕೆ ನಂಬಬಹುದು. ಪ್ರತಿ ಅಂದಾಜಿನಲ್ಲೂ 25%ರಷ್ಟು ಆಚೀಚೆ ಇದೆ ಅನ್ನಿ. ಹೆಚ್ಚುಕಮ್ಮಿ ಒಂದೇ ಗಾತ್ರದ 16 ಜಾಬ್‌ಗಳನ್ನು ಕೂಡಿಸಿದಾಗ ಮೇಲಿನದ್ದು ಕೆಳಗಿನದ್ದನ್ನು ಹೊಡೆದುಹಾಕುತ್ತದೆ. 16ರ ವರ್ಗಮೂಲ 4; 25ನ್ನು ಅದರಿಂದ ಭಾಗಿಸಿ, ಒಟ್ಟಿನ ತಪ್ಪು ಸುಮಾರು 6%ಕ್ಕೆ ಇಳಿಯುತ್ತದೆ. ಒಂದು ಜಾಬ್ ತಡವಾಯಿತು ಅಂತ ಯಾರನ್ನೂ ಬೈಯಬಾರದು ಅನ್ನುವುದಕ್ಕೆ ಗಣಿತದ ಕಾರಣ ಇದೇ.

ಆದರೆ ಇದು ನಡೆಯುವುದು ತಪ್ಪು ಎರಡೂ ಕಡೆಗೆ ಬೀಳುವಾಗ ಮಾತ್ರ. ಅಂದಾಜು ಮಾಡುವವರು ಯಾವಾಗಲೂ ಕಡಿಮೆಯೇ ಬರೆದರೆ ಎಷ್ಟು ಜಾಬ್ ಕೂಡಿಸಿದರೂ ಸರಿಹೋಗುವುದಿಲ್ಲ. ಹೀಗೆ ಒಂದೇ ಕಡೆಗೆ ವಾಲುವ ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ: ಎಲ್ಲಿ ಏನು ಕೆಟ್ಟಿದೆ ಅಂತ ಗೊತ್ತಾಗದ ಕಗ್ಗಂಟು ಜಾಬ್‌ಗಳು ಯಾವಾಗಲೂ ಅತ್ಯುತ್ತಮ ಕೆಲಸಗಾರನ ಬಳಿಗೇ ಹೋಗುತ್ತವೆ. ಅಂಥವುಗಳ ಅಂದಾಜು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಹಾಗಾಗಿ ಕಾಗದದ ಮೇಲೆ ಒಳ್ಳೆಯವನೇ ನಿಧಾನ! ಇಬ್ಬರನ್ನು ಹೋಲಿಸುವ ಮುಂಚೆ ಜಾಬ್ ಯಾರು ಹಂಚಿದರು ಅಂತ ಕೇಳಿ. ಅಂದಾಜನ್ನು ಕೆಲಸ ಶುರುವಾಗುವ ಮೊದಲೇ ಬರೆದಿಟ್ಟರಾ ಅಂತಲೂ ಕೇಳಿ. ಮುಗಿದ ಮೇಲೆ ಬರೆದದ್ದು ಅಂದಾಜಲ್ಲ, ಸಮಜಾಯಿಷಿ.

ಅಂದಾಜಿಗೂ ಸಿಗದ ಕೆಲಸಕ್ಕೆ ವರ್ಕ್ ಸ್ಯಾಂಪ್ಲಿಂಗ್ ಇದೆ. 1930ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಟಿಪೆಟ್ ಬ್ರಿಟನ್‌ನ ಬಟ್ಟೆ ಗಿರಣಿಗಳಲ್ಲಿ ಬಳಸಿದ ವಿಧಾನ. ಯಾದೃಚ್ಛಿಕ ವೇಳೆಯಲ್ಲಿ ಹೋಗಿ ನೋಡುವುದು, ಕೆಲಸವೋ ಕಾಯುವಿಕೆಯೋ ಅಂತ ಗುರುತು ಹಾಕುವುದು. ಕಾಯುವುದು 25% ಆಸುಪಾಸು ಇದ್ದು, 95% ಭರವಸೆಯಲ್ಲಿ 5 ಶೇಕಡಾ ಅಂಶ ಆಚೀಚೆ (20ರಿಂದ 30%) ಸಾಕು ಅಂದರೆ ಸುಮಾರು 300 ನೋಟ ಬೇಕು. ಇದು ಬಳಕೆಯನ್ನು ಹೇಳುತ್ತದೆ, ದಕ್ಷತೆಯನ್ನಲ್ಲ. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡಬೇಡಿ.

ವಾಪಸ್ ಬಂದ ಕೆಲಸದ ಲೆಕ್ಕ ಒಂದು ಬಾಕಿ. ಮೇಲಿನ ಉದಾಹರಣೆಯ 7 ಗಂಟೆಯ ಜಾಬ್ ಕೆಟ್ಟು ಬಂತು, ಸರಿಮಾಡಲು ಇನ್ನೂ 3 ಗಂಟೆ ಹಿಡಿಯಿತು ಅನ್ನಿ. ಅದನ್ನು ಹೊಸ ಜಾಬ್ ಅಂತ ತೆರೆದು ಹೊಸ ಪ್ರಮಾಣ ಗಂಟೆ ಕೊಟ್ಟರೆ ಕೆಟ್ಟ ಕೆಲಸಕ್ಕೇ ಅಂಕ ಸಿಕ್ಕಂತೆ. ಹಳೆಯ ನಂಬರಿನಲ್ಲೇ ಬರೆಯಿರಿ: ಪ್ರಮಾಣ 32 ಹಾಗೇ ಇರುತ್ತದೆ, ವಾಸ್ತವ 39 ಆಗುತ್ತದೆ, 89% ಇದ್ದದ್ದು 82%ಕ್ಕೆ ಇಳಿಯುತ್ತದೆ.