ದೊಡ್ಡ ಅಡ್ವೆಂಚರ್ ಬೈಕಿನ ಟೈರು: ಮಣ್ಣಿನ ಆಸೆಗಿಂತ ಮಳೆಯ ಲೆಕ್ಕ ಮೊದಲು

ಡಾಂಬರು, ಮಣ್ಣು ಎರಡರಲ್ಲೂ ಓಡಿಸಲೆಂದು ಮಾಡಿದ ದೊಡ್ಡ ಅಡ್ವೆಂಚರ್ ಬೈಕು ಬಿಎಂಡಬ್ಲ್ಯು ಆರ್ 1250 ಜಿಎಸ್ ಪೆಟ್ರೋಲ್ ತುಂಬಿ ನಿಂತಾಗ 249 ಕಿಲೋ ತೂಗುತ್ತದೆ. ಸವಾರ, ಹಿಂದೆ ಕುಳಿತವರು, ಪೆಟ್ಟಿಗೆಗಳ ಸಾಮಾನು ಎಲ್ಲ ಸೇರಿ ಅದರ ಒಟ್ಟು ಭಾರ 465 ಕಿಲೋ ಮೀರಬಾರದೆಂದು ತಯಾರಕರು ನಿಗದಿಪಡಿಸಿದ್ದಾರೆ. ಟೈರಿನ ಆಯ್ಕೆಯ ಮಾತು ಈ ಎರಡು ಅಂಕಿಗಳಿಂದಲೇ ಶುರುವಾಗಬೇಕು ಎಂಬುದು ದೊಡ್ಡ ಬೈಕುಗಳ ಟೈರು ಕೂರಿಸುವ ಕೆಲಸದಲ್ಲಿ ನಾನು ಕಂಡುಕೊಂಡಿರುವ ಸಂಗತಿ. ವರ್ಕ್‌ಶಾಪಿಗೆ ಬರುವವರಲ್ಲಿ ಹೆಚ್ಚಿನವರು ಯಾವ ಕಂಪನಿಯ ಟೈರು ಒಳ್ಳೆಯದು, ಎಷ್ಟು ಸಾವಿರ ಕಿಲೋಮೀಟರ್ ಬಾಳುತ್ತದೆ ಎಂದು ಕೇಳುತ್ತಾರೆ. ಉತ್ತರ ಕೊಡುವ ಮೊದಲು ನಾನು ಅವರನ್ನು ಕೇಳುವುದು ಬೇರೆ: ಕಳೆದ ಒಂದು ವರ್ಷದಲ್ಲಿ ಈ ಬೈಕು ಯಾವ ಯಾವ ರಸ್ತೆಗಳಲ್ಲಿ, ಯಾವ ತಿಂಗಳುಗಳಲ್ಲಿ, ಎಷ್ಟು ಭಾರ ಹೊತ್ತು ಓಡಿದೆ?

ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಸವಾರರ ಚಿತ್ರ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಹೆದ್ದಾರಿಯ ದೀರ್ಘ ಓಟವೇ ಅದರ ದೊಡ್ಡ ಭಾಗ. ಅದರ ಮೇಲೆ ಒಂದೆರಡು ಘಾಟಿಗಳು, ಕೊನೆಗೆ ಕಾಫಿ ತೋಟದ ಮನೆಗೋ ಹೋಂಸ್ಟೇಗೋ ಹೋಗುವ ಕೆಲವೇ ಕಿಲೋಮೀಟರಿನ ಹಾಳು ರಸ್ತೆ. ಲಡಾಖಿನ ಪ್ರವಾಸ ಹಲವು ವರ್ಷಕ್ಕೊಮ್ಮೆ ಬರುತ್ತದೆ, ಆದರೆ ಟೈರನ್ನು ಆರಿಸುವಾಗ ಕಣ್ಣ ಮುಂದೆ ನಿಲ್ಲುವುದು ಆ ಪ್ರವಾಸವೇ. ಹೀಗಾಗಿ ದಪ್ಪ ದಪ್ಪ ಬ್ಲಾಕುಗಳಿರುವ, ಅಂದರೆ ಮೈಮೇಲೆ ಬಿಡಿಬಿಡಿಯಾಗಿ ಎದ್ದು ನಿಂತ ರಬ್ಬರ್ ತುಂಡುಗಳಿರುವ ಟೈರು ಕೊಂಡು, ಅದನ್ನು ನೆಲಮಂಗಲದಾಚೆಯ ಡಾಂಬರಿನ ಮೇಲೆ ಸವೆಸುವವರನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ.

ಟೈರು ತಯಾರಕರು ತಮ್ಮ ಮಾದರಿಗಳನ್ನು 90/10, 80/20, 50/50 ಎಂಬ ಅಂಕಿಗಳಿಂದ ಪರಿಚಯಿಸುತ್ತಾರೆ. ಮೊದಲನೆಯದು ರಸ್ತೆಯ ಪಾಲು, ಎರಡನೆಯದು ಮಣ್ಣಿನ ಪಾಲು. ಮಿಶೆಲಿನ್ ಕಂಪನಿಯ ಅನಾಕಿ ಅಡ್ವೆಂಚರ್ 80/20 ಎಂದೂ, ಅದೇ ಕಂಪನಿಯ ಅನಾಕಿ ವೈಲ್ಡ್ 50/50 ಎಂದೂ ಕರೆಯಿಸಿಕೊಳ್ಳುತ್ತವೆ. ಮೆಟ್ಜೆಲರ್ ಕಂಪನಿಯಲ್ಲಿ ಟೂರೆನ್ಸ್ ನೆಕ್ಸ್ಟ್ 2 ರಸ್ತೆಯ ಕಡೆಗೂ, ಕಾರೂ 4 ಮಣ್ಣಿನ ಕಡೆಗೂ ವಾಲುತ್ತವೆ. ಈ ಅಂಕಿಗಳನ್ನು ಅಳೆಯಲು ಎಲ್ಲರಿಗೂ ಅನ್ವಯಿಸುವ ಪರೀಕ್ಷೆ ಯಾವುದೂ ಇಲ್ಲ; ಪ್ರತಿ ಕಂಪನಿಯೂ ತನ್ನ ಅಂದಾಜನ್ನು ತಾನೇ ಹೇಳಿಕೊಳ್ಳುತ್ತದೆ. ಆದ್ದರಿಂದ ಒಂದು ಕಂಪನಿಯ 50/50 ಅನ್ನು ಇನ್ನೊಂದರ 50/50ಕ್ಕೆ ಸಮ ಎಂದು ಭಾವಿಸಬಾರದು. ಬ್ಲಾಕುಗಳ ಎತ್ತರ, ಅವುಗಳ ನಡುವಿನ ಖಾಲಿ ಜಾಗ, ಮಧ್ಯದ ಪಟ್ಟಿ ಸತತವಾಗಿದೆಯೇ ಕಡಿದು ಬಿಟ್ಟಿದೆಯೇ ಎಂಬುದನ್ನು ಕಣ್ಣಾರೆ ನೋಡಿದರೆ ಹೆಚ್ಚು ತಿಳಿಯುತ್ತದೆ.

ಬ್ಲಾಕುಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಪಾಯವೂ ಇಲ್ಲಿಯೇ ಇದೆ. ಸಡಿಲ ಮಣ್ಣಿನಲ್ಲಿ ಎತ್ತರದ ಬ್ಲಾಕು ನೆಲದೊಳಕ್ಕೆ ಇಳಿದು, ಮಣ್ಣಿನ ಅಂಚಿಗೆ ಒತ್ತಿ ಬೈಕನ್ನು ಮುಂದಕ್ಕೆ ತಳ್ಳುತ್ತದೆ. ಬ್ಲಾಕುಗಳ ನಡುವಿನ ಖಾಲಿ ಜಾಗದಲ್ಲಿ ಸೇರಿದ ಕೆಸರು ಚಕ್ರ ತಿರುಗಿದಂತೆ ಹೊರಕ್ಕೆ ಸಿಡಿಯುತ್ತದೆ. ಡಾಂಬರಿನಲ್ಲಿ ಬ್ಲಾಕು ಇಳಿಯಲು ಜಾಗವಿಲ್ಲ. ಅಲ್ಲಿ ಹಿಡಿತ ಬರುವುದು ರಸ್ತೆಯ ಸಣ್ಣ ಒರಟುತನಕ್ಕೆ ರಬ್ಬರು ಅಂಟಿಕೊಳ್ಳುವುದರಿಂದ. ಅದಕ್ಕೆ ನೆಲಕ್ಕೆ ತಾಗುವ ರಬ್ಬರಿನ ಪ್ರಮಾಣ ಹೆಚ್ಚಿರಬೇಕು, ರಬ್ಬರಿನಲ್ಲಿ ಸಿಲಿಕಾದಂತಹ, ಒದ್ದೆಯಲ್ಲೂ ಹಿಡಿತ ಕೊಡುವ ಮಿಶ್ರಣವಿರಬೇಕು. ಬ್ಲಾಕು ಟೈರಿನಲ್ಲಿ ಮೊದಲನೆಯದು ಕಡಿಮೆ. ಜೊತೆಗೆ 400 ಕಿಲೋ ಮೀರಿದ ಭಾರದ ಹೆಚ್ಚಿನ ಪಾಲು ಬ್ರೇಕಿನ ಒತ್ತಡದೊಂದಿಗೆ ಮುಂಚಕ್ರದ ಮೇಲೆ ಬಿದ್ದಾಗ ಎತ್ತರದ ಬ್ಲಾಕುಗಳು ಬಾಗುತ್ತವೆ, ತಿರುವಿನಲ್ಲಿ ಓಲಾಡುತ್ತವೆ. 196 ಕಿಲೋ ತೂಗುವ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರಲ್ಲಿ ಇದೇ ಜಾತಿಯ ಟೈರು ಸಭ್ಯವಾಗಿ ನಡೆದುಕೊಂಡಿತೆಂದು ಗೆಳೆಯರು ಹೇಳಿದರೆ ಆ ಮಾತು ನಿಜವೇ ಇರಬಹುದು. ಭಾರ ತುಂಬಿದ ದೊಡ್ಡ ಬೈಕಿಗೆ ಅದು ಹಾಗೆಯೇ ಅನ್ವಯಿಸುವುದಿಲ್ಲ.

ನಮ್ಮ ಘಾಟಿಗಳನ್ನು ನೆನೆಯಿರಿ. ಆಗುಂಬೆ, ಚಾರ್ಮಾಡಿ, ಶಿರಾಡಿ, ಅರಬೈಲು ಇವೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹುತೇಕ ಒಣಗುವುದೇ ಇಲ್ಲ. ಶಿರಾಡಿಯ ಕಾಂಕ್ರೀಟ್ ಭಾಗದಲ್ಲಿ ಲಾರಿಗಳ ಚಕ್ರ ಓಡಿ ಓಡಿ ನುಣುಪಾದ ಜಾಡುಗಳ ಮೇಲೆ ನೀರು ಹರಿಯುತ್ತಿರುತ್ತದೆ. ತಿರುವುಗಳಲ್ಲಿ ಡೀಸೆಲ್ ಚೆಲ್ಲಿರುತ್ತದೆ. ಮರಗಳ ನೆರಳಿನ ಅಂಚುಗಳಲ್ಲಿ ಹಾವಸೆ ಕಟ್ಟಿರುತ್ತದೆ. ಮಣ್ಣಿನಲ್ಲಿ ನಾವು ನಿಧಾನವಾಗಿ ಹೋಗುತ್ತೇವೆ, ಬಿದ್ದರೂ ಸಾಮಾನ್ಯವಾಗಿ ಕ್ರ್ಯಾಶ್ ಗಾರ್ಡ್ ಗೀಚುವುದರಲ್ಲಿ ಮುಗಿಯುತ್ತದೆ. ಘಾಟಿಯ ಒದ್ದೆ ತಿರುವಿನಲ್ಲಿ ಮುಂದಿನ ಟೈರು ಜಾರಿದರೆ ಎದುರಿನಿಂದ ಬಸ್ಸು ಬರುತ್ತಿರುತ್ತದೆ. ಆದ್ದರಿಂದ ನನ್ನ ಸಲಹೆ ಸ್ಪಷ್ಟ: ನೀವು ಭಾರ ಹೊತ್ತು ಸಾಗುವ ಅತ್ಯಂತ ಜಾರು ಡಾಂಬರು ಯಾವುದೋ ಅದಕ್ಕೆ ಟೈರು ಆರಿಸಿ, ಮಣ್ಣಿನ ಅಗತ್ಯವನ್ನು ನಂತರ ಸೇರಿಸಿ. ನಮ್ಮ ಹೆಚ್ಚಿನ ಸವಾರರಿಗೆ ಇದರ ಉತ್ತರ 80/20ರ ಆಸುಪಾಸಿನಲ್ಲಿ ಸಿಗುತ್ತದೆ. ತೋಟದ ರಸ್ತೆಯ ಜಲ್ಲಿ, ಕಿತ್ತುಹೋದ ಡಾಂಬರು, ಗಟ್ಟಿ ಕೆಂಪು ಮಣ್ಣು ಇವನ್ನು ಆ ವರ್ಗದ ಟೈರುಗಳು ಸಮಾಧಾನಕರವಾಗಿಯೇ ದಾಟುತ್ತವೆ.

ಮಣ್ಣುಗಳೂ ಒಂದೇ ತರಹದವಲ್ಲ. ಮಲೆನಾಡಿನ ಜಂಬಿಟ್ಟಿಗೆ ಹಾದಿಯಲ್ಲಿ ಮೇಲ್ಪದರದ ಸಣ್ಣ ಕಲ್ಲುಗಳು ಉರುಳುವುದರಿಂದ ಬ್ಲಾಕುಗಳ ಅಂಚುಗಳು ನೆರವಾಗುತ್ತವೆ, ಮಳೆಯಲ್ಲಿ ಇನ್ನಷ್ಟು ನೆರವಾಗುತ್ತವೆ. ಅಂತಹ ದಾರಿಗಳಲ್ಲಿ ವಾರಕ್ಕೊಮ್ಮೆಯಾದರೂ ಓಡಾಡುವ ತೋಟದ ಮಾಲೀಕರಿಗೆ 50/50 ಟೈರನ್ನು ನಾನೇ ಸೂಚಿಸುತ್ತೇನೆ. ಗದಗ, ಧಾರವಾಡ, ವಿಜಯಪುರದ ಎರೆ ಮಣ್ಣಿನ ಮಾತು ಬೇರೆ. ನೆಂದ ಎರೆ ಮಣ್ಣು ಯಾವ ಬ್ಲಾಕಿನಿಂದಲೂ ಸಿಡಿದು ಹೋಗುವುದಿಲ್ಲ; ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡುತ್ತದೆ. ಮಳೆ ಬಿದ್ದ ಎರೆ ಹೊಲದ ದಾರಿಗೆ ದೊಡ್ಡ ಬೈಕು ಇಳಿಸದಿರುವುದೇ ಸರಿ, ದುಬಾರಿ ಟೈರು ಅಲ್ಲಿ ಏನನ್ನೂ ಬದಲಿಸುವುದಿಲ್ಲ.

ಮುಂದಿನ ಟೈರಿಗೆ ಬ್ಲಾಕಿನದು, ಹಿಂದಿನದಕ್ಕೆ ರಸ್ತೆಯದು ಹಾಕಿಸಬಹುದೇ ಎಂದು ಹಲವರು ಕೇಳುತ್ತಾರೆ. ಹಿಂಚಕ್ರ ಜಾರಿದರೆ ಸರಿಪಡಿಸಿಕೊಳ್ಳಲು ಸಮಯವಿರುತ್ತದೆ, ಮುಂಚಕ್ರ ಜಾರಿದರೆ ಇರುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಮಣ್ಣಿನಲ್ಲಿ ಈ ತರ್ಕ ಸರಿ. ಆದರೆ ಒದ್ದೆ ಡಾಂಬರಿನಲ್ಲಿ ಬ್ರೇಕಿನ ಹೆಚ್ಚಿನ ಕೆಲಸ ಮುಂಚಕ್ರದ್ದೇ ಆದ್ದರಿಂದ, ಅಲ್ಲಿ ಅದೇ ತರ್ಕ ತಲೆಕೆಳಗಾಗುತ್ತದೆ. ಎರಡೂ ಚಕ್ರಕ್ಕೆ ಒಂದೇ ಮಾದರಿಯ ಜೋಡಿ ಹಾಕಿಸುವುದನ್ನೇ ನಾನು ಒಪ್ಪುತ್ತೇನೆ.

ಟೈರಿನ ಬದಿಯಲ್ಲಿ ಅಳತೆಯ ಪಕ್ಕದಲ್ಲಿರುವ ಅಂಕಿ ಮತ್ತು ಅಕ್ಷರಗಳನ್ನು ಓದದೆ ಹಣ ಕೊಡಬೇಡಿ. ಆರ್ 1250 ಜಿಎಸ್‌ನ ಮುಂದಿನ ಟೈರು 120/70 ಆರ್19, ಹಿಂದಿನದು 170/60 ಆರ್17; ಇಲ್ಲಿ ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಬದಿಯ ಎತ್ತರ ಆ ಅಗಲದ ಶೇಕಡಾ ಎಷ್ಟೆಂಬುದು, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಇವುಗಳ ಮುಂದೆ ಸಾಮಾನ್ಯವಾಗಿ 60 ವಿ, 72 ವಿ ಎಂದು ಕಾಣುತ್ತದೆ. 60 ಎಂದರೆ ಸರಿಯಾದ ಗಾಳಿಯಿದ್ದಾಗ 250 ಕಿಲೋ, 72 ಎಂದರೆ 355 ಕಿಲೋ ಹೊರುವ ಶಕ್ತಿ; ವಿ ಎಂದರೆ ಗಂಟೆಗೆ 240 ಕಿಲೋಮೀಟರ್‌ವರೆಗಿನ ವೇಗ. ಕಾಂಟಿನೆಂಟಲ್ ಟಿಕೆಸಿ 80ರಂತಹ ಬ್ಲಾಕು ಟೈರುಗಳಲ್ಲಿ ವಿ ಬದಲು ಕ್ಯೂ ಇರುತ್ತದೆ, ಅಂದರೆ ಮಿತಿ 160 ಕಿಲೋಮೀಟರ್. ನಮ್ಮ ರಸ್ತೆಗಳಲ್ಲಿ ಅಷ್ಟು ವೇಗ ಬೇಡವೆಂಬುದು ನಿಜ. ಆದರೂ ಮೇ ತಿಂಗಳ ಬಿಸಿಲಿನಲ್ಲಿ, ಪೂರ್ತಿ ಭಾರ ಹೊತ್ತು, ಚಿತ್ರದುರ್ಗದ ಕಡೆಯ ನೇರ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿಸಿದರೆ ಆ ಬ್ಲಾಕುಗಳು ಕಾದು ಬೇಗನೆ ಸವೆಯುತ್ತವೆ.

ಅಳತೆಯ ವಿಚಾರದಲ್ಲಿ ಅಂಗಡಿಯವರ ಒತ್ತಾಯಕ್ಕೆ ಮಣಿಯುವ ಪ್ರಸಂಗಗಳು ಬರುತ್ತವೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಇಲ್ಲಿ ಮಾರುವ ಟೈರಿಗೆ ಐಎಸ್‌ಐ ಗುರುತೂ ಕಡ್ಡಾಯ. ಹೀಗಾಗಿ ಬೇಕಾದ ಮಾದರಿ ಬೇಕಾದ ಅಳತೆಯಲ್ಲಿ ಬೇಕಾದ ದಿನ ಸಿಗುತ್ತದೆಂಬ ಖಾತರಿಯಿಲ್ಲ. ಹೋಂಡಾದ ಅಡ್ವೆಂಚರ್ ಬೈಕು ಆಫ್ರಿಕಾ ಟ್ವಿನ್‌ನ ಹಿಂಚಕ್ರದ 150/70 ಆರ್18 ಅಳತೆಯಲ್ಲಂತೂ ಆಯ್ಕೆ ಇನ್ನೂ ಕಿರಿದು. ಆಗ 170/60ರ ಜಾಗಕ್ಕೆ 150/70 ಆರ್17 ಕೂರಿಸಿಬಿಡೋಣ, ಎತ್ತರ ಹೆಚ್ಚು ಕಡಿಮೆ ಒಂದೇ ಎನ್ನುವವರಿದ್ದಾರೆ. ಲೆಕ್ಕ ಹಾಕಿದರೆ ಎರಡರ ವ್ಯಾಸದಲ್ಲಿ ಸುಮಾರು 6 ಮಿಲಿಮೀಟರ್ ಮಾತ್ರ ವ್ಯತ್ಯಾಸವಿರುವುದು ಹೌದು. ಆದರೆ ಆ ಅಳತೆಯ ಟೈರುಗಳ ಭಾರದ ಅಂಕಿ ಸಾಮಾನ್ಯವಾಗಿ 69, ಅಂದರೆ 325 ಕಿಲೋ. ಹಿಂಚಕ್ರದಲ್ಲಿ 30 ಕಿಲೋ ಕಡಿಮೆ. ಅಗಲ ರಿಮ್ಮಿನ ಮೇಲೆ ಕಿರಿದು ಟೈರು ಎಳೆದುಕೊಂಡು ಕೂರುವುದರಿಂದ ಅದರ ದುಂಡುತನವೂ ಬದಲಾಗಿ, ಬೈಕು ವಾಲುವ ರೀತಿ ಬೇರೆಯಾಗುತ್ತದೆ. ಜೋಡಿ ಬರುವವರೆಗೆ ಕಾಯುವುದು ಉತ್ತಮ. ಮಳೆಗಾಲಕ್ಕೆ ಟೈರು ಬೇಕಾದವರು ಮಾರ್ಚ್‌ನಲ್ಲಿಯೇ ಹುಡುಕಲು ಶುರುಮಾಡಬೇಕು.

ಕೊಳ್ಳುವಾಗ ತಯಾರಿಕೆಯ ವಾರವನ್ನೂ ನೋಡಿ. ಬದಿಯಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ 2324 ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದದ್ದು. ರಿಯಾಯಿತಿ ದೊಡ್ಡದಾಗಿದ್ದಷ್ಟೂ ಈ ಅಂಕಿಯನ್ನು ಹೆಚ್ಚು ಗಮನವಿಟ್ಟು ಓದಬೇಕು.

ಒಳ್ಳೆಯ ಟೈರನ್ನು ಹಾಳುಮಾಡುವುದರಲ್ಲಿ ತಪ್ಪು ಗಾಳಿಗೆ ಸಮನಾದದ್ದಿಲ್ಲ. ಆರ್ 1250 ಜಿಎಸ್‌ಗೆ ಗಾಳಿಯ ಒತ್ತಡ ಮುಂದೆ 2.5 ಬಾರ್, ಹಿಂದೆ 2.9 ಬಾರ್ ಬೇಕು. ಪಿಎಸ್‌ಐ ಲೆಕ್ಕದಲ್ಲಿ 36 ಮತ್ತು 42. ಪಂಕ್ಚರ್ ಅಂಗಡಿಗಳಲ್ಲಿ ಸಣ್ಣ ಬೈಕಿನ ರೂಢಿಯಂತೆ 28, 30 ತುಂಬಿ ಕಳಿಸುತ್ತಾರೆ. ಹಾಗೆ ಹೊರಟ ಬೈಕಿನ ಟೈರಿನ ಬದಿ ಪ್ರತಿ ಸುತ್ತಿನಲ್ಲೂ ಮಡಿಸಿ ಬಿಚ್ಚಿ ಕಾಯುತ್ತದೆ, 72 ಎಂಬ ಅಂಕಿ ಹೇಳುವ ಭಾರವನ್ನು ಹೊರಲಾರದು, ಗುಂಡಿಗೆ ಬಿದ್ದಾಗ ರಿಮ್ಮಿಗೇ ಪೆಟ್ಟು ಬೀಳುತ್ತದೆ. ಸ್ವಂತ ಗೇಜು ಇಟ್ಟುಕೊಂಡು, ಬೆಳಿಗ್ಗೆ ಬೈಕು ಹೊರಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಮಣ್ಣಿನಲ್ಲಿ ಗಾಳಿ ಇಳಿಸುವ ಅಭ್ಯಾಸವಿರುವವರು ಡಾಂಬರಿಗೆ ಹತ್ತುವ ಮುನ್ನ ಮತ್ತೆ ತುಂಬಲು ಸಣ್ಣ ಪಂಪನ್ನು ಜೊತೆಗೊಯ್ಯಲೇಬೇಕು. ಅದಿಲ್ಲದವರು ಇಳಿಸದಿರುವುದೇ ಮೇಲು.

ಲಡಾಖಿಗೆ ಹೋಗುವವರು ಎತ್ತರಕ್ಕೆ ಏರಿದಂತೆ ಗಾಳಿ ಬಿಡಬೇಕೇ ಎಂದು ಕೇಳುವುದುಂಟು. ಹೊರಗಿನ ವಾಯುಭಾರ ತಗ್ಗುವುದರಿಂದ ಗೇಜು ಹೆಚ್ಚು ತೋರಿಸುತ್ತದೆ. ಬೆಂಗಳೂರಿನಿಂದ 5,359 ಮೀಟರ್ ಎತ್ತರದ ಖಾರ್ದುಂಗ್ ಲಾಕ್ಕೆ ಹೋದರೆ ಈ ಏರಿಕೆ 5ರಿಂದ 6 ಪಿಎಸ್‌ಐ. ಅದೇ ಹೊತ್ತಿಗೆ ಟೈರಿನ ಉಷ್ಣತೆ 30 ಡಿಗ್ರಿಯಿಂದ 5 ಡಿಗ್ರಿಗೆ ಇಳಿದಿದ್ದರೆ ಹಿಂಚಕ್ರದಲ್ಲಿ ಸುಮಾರು 4.5 ಪಿಎಸ್‌ಐ ಕಡಿಮೆಯಾಗುತ್ತದೆ. ಒಂದು ಇನ್ನೊಂದನ್ನು ಬಹುಪಾಲು ಸರಿದೂಗಿಸುವುದರಿಂದ ಅಲ್ಲಿ ಗಾಳಿ ಬಿಡುವ ಅಗತ್ಯವಿಲ್ಲ. ಮೇಲೆ ಬಿಟ್ಟವರು ಬಯಲಿಗೆ ಇಳಿದಾಗ ಮರೆತು ಕಡಿಮೆ ಗಾಳಿಯಲ್ಲಿಯೇ ಹೆದ್ದಾರಿ ಹಿಡಿಯುತ್ತಾರೆ.

ಯಾವಾಗ ಬದಲಿಸಬೇಕೆಂಬುದಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳು ದ್ವಿಚಕ್ರ ವಾಹನಕ್ಕೆ 0.8 ಮಿಲಿಮೀಟರ್ ಆಳದ ಕನಿಷ್ಠ ಮಿತಿ ಇಟ್ಟಿವೆ. ದೊಡ್ಡ ಬೈಕಿನವರು ಅಲ್ಲಿಯವರೆಗೆ ಕಾಯಬಾರದು. ನೀರನ್ನು ಹೊರಹಾಕುವ ಶಕ್ತಿ ಅದಕ್ಕಿಂತ ಬಹಳ ಮೊದಲೇ ಕುಗ್ಗಿರುತ್ತದೆ. ಮಳೆಗಾಲದ ಬಾಗಿಲಲ್ಲಿ 2 ಮಿಲಿಮೀಟರ್ ಉಳಿದಿದ್ದರೂ ನಾನು ಬದಲಿಸಲು ಹೇಳುತ್ತೇನೆ. ಹೆದ್ದಾರಿಯಲ್ಲೇ ಹೆಚ್ಚು ಓಡಿದ ಹಿಂದಿನ ಟೈರು ಮಧ್ಯದಲ್ಲಿ ಚಪ್ಪಟೆಯಾಗಿ, ತಿರುವಿಗೆ ವಾಲಿಸುವಾಗ ಒಂದು ಅಂಚಿನಿಂದ ಇನ್ನೊಂದಕ್ಕೆ ಬಿದ್ದಂತೆ ಅನಿಸುತ್ತದೆ. ಬೈಕಿನ ಸ್ವಭಾವವೇ ಕೆಟ್ಟಿತೆಂದು ಸಸ್ಪೆನ್ಷನ್ ಬಿಚ್ಚಿಸಲು ಬರುವವರಲ್ಲಿ ಕೆಲವರಿಗೆ ಬೇಕಾಗಿದ್ದುದು ಹೊಸ ಟೈರು ಮಾತ್ರ.

ಟ್ಯೂಬ್‌ಲೆಸ್ ಟೈರಿನ ಮಧ್ಯಭಾಗಕ್ಕೆ ಮೊಳೆ ಚುಚ್ಚಿದರೆ ರಬ್ಬರ್ ಎಳೆ ತುರುಕಿ ಊರು ಸೇರಬಹುದು, ನಂತರ ಟೈರು ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಬೇಕು. ಬದಿಯ ಸೀಳಿಗೆ ನಂಬಬಹುದಾದ ರಿಪೇರಿಯಿಲ್ಲ, ಅಂತಹ ಟೈರಿನಲ್ಲಿ ಇಬ್ಬರು ಕುಳಿತು ಮುಂದುವರಿಯಬಾರದು. ಹೊಸ ಟೈರು ಕೂರಿಸಿದಾಗ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿದೆಯೇ ಎಂದು ನೀವೇ ನೋಡಿ, ಬ್ಯಾಲೆನ್ಸಿಂಗ್ ಮಾಡಿಸದೆ ಬೈಕು ತೆಗೆದುಕೊಳ್ಳಬೇಡಿ, ಮೊದಲ 150 ಕಿಲೋಮೀಟರ್ ಒಣ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ ಮೇಲಿನ ನುಣುಪು ಕಳೆಯಲು ಬಿಡಿ, ಮರುದಿನ ಬೆಳಿಗ್ಗೆ ಮತ್ತೊಮ್ಮೆ ಗಾಳಿ ಅಳೆಯಿರಿ.