ಹಲಸೂರಿನಿಂದ ಚೂರಲ್‌ಮಲಕ್ಕೆ: ಸೇನೆಯ ಎಂಜಿನಿಯರುಗಳು ಊರಿನ ಕೆಲಸಕ್ಕೆ ಬಂದ ಹಾದಿ

ಉಕ್ಕಿನ ಒಂದು ಚೌಕಟ್ಟು. ಉದ್ದ 10 ಅಡಿ, ಎತ್ತರ ಸುಮಾರು 5 ಅಡಿ, ತೂಕ ಹತ್ತಿರಹತ್ತಿರ 260 ಕಿಲೋ. ಆರು ಮಂದಿ ಅಡ್ಡಗೋಲು ತೂರಿಸಿ ಅದನ್ನು ಹೊತ್ತು ತರುತ್ತಾರೆ. ಅದರ ತುದಿಯಲ್ಲಿರುವ ಕಿವಿ ಮುಂದಿನ ಚೌಕಟ್ಟಿನ ಜೋಡಿ ಕಿವಿಗಳ ನಡುವೆ ಹೋಗಿ ಕೂರುತ್ತದೆ. ತೂತುಗಳು ಒಂದೇ ನೇರಕ್ಕೆ ಬಂದವೋ ಇಲ್ಲವೋ ಎಂದು ನೋಡಿ, ಬೆರಳು ಹಿಂದಕ್ಕೆಳೆದುಕೊಂಡು, ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಇಳಿಸುತ್ತಾರೆ. ಬೆಸುಗೆಯ ಕೆಲಸವಿಲ್ಲ, ಕಾಂಕ್ರೀಟು ಗಟ್ಟಿಯಾಗಲಿ ಎಂದು ಕಾಯುವುದೂ ಇಲ್ಲ. ಹೀಗೆ ಒಂದಕ್ಕೊಂದು ಸೇರಿಸುತ್ತ, ದಡದಲ್ಲಿಟ್ಟ ಉರುಳೆಗಳ ಮೇಲೆ ಇಡೀ ಕಟ್ಟನ್ನು ಹೊಳೆಯ ಆಚೆ ದಡದ ಕಡೆಗೆ ತಳ್ಳುತ್ತಾರೆ. ಮುಂಭಾಗ ನೀರಿಗೆ ಮುಗ್ಗರಿಸದಂತೆ ಹಿಂಭಾಗದ ತೂಕ ಹಿಡಿದಿರುತ್ತದೆ. ಮೂಗಿನಂತೆ ಚಾಚಿದ ಹಗುರ ತುದಿ ಆಚೆ ದಡ ಮುಟ್ಟಿದ ಮೇಲೆ ಉಳಿಯುವುದು ಜಾಕಿಯಿಂದ ಕೆಳಗಿಳಿಸಿ ಹಲಗೆ ಹಾಸುವ ಕೆಲಸ.

ಇದು ಬೈಲಿ ಸೇತುವೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಡೊನಾಲ್ಡ್ ಬೈಲಿ ಎಂಬ ಬ್ರಿಟಿಷ್ ಎಂಜಿನಿಯರ್ ರೂಪಿಸಿದ್ದು. ಸ್ವಲ್ಪ ಕಾಗುಣಿತ ತಪ್ಪಿದರೆ ‘ಬೇಲಿ ಸೇತುವೆ’ ಆಗಿಬಿಡುತ್ತದೆ. ದೂರದಿಂದ ನೋಡಿದರೆ ಅದು ಬೇಲಿಯಂತೆಯೇ ಕಾಣುವುದರಿಂದ ತಪ್ಪನ್ನು ಮನ್ನಿಸಬಹುದು.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಜರಿದು ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದಾಗ, ಎರಡರ ನಡುವಿನ ಹೊಳೆಯ ಸೇತುವೆಯೂ ಹೋಯಿತು. ಆಚೆ ದಡದಲ್ಲಿ ಮಣ್ಣಿನಡಿ ಜನ, ಈಚೆ ದಡದಲ್ಲಿ ನಿಂತುಬಿಟ್ಟ ಜೆಸಿಬಿಗಳು. ಆಗ ಕರೆ ಬಂದದ್ದು ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿರುವ, ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ, ಅಂದರೆ ಮದ್ರಾಸ್ ಸ್ಯಾಪರ್ಸ್‌ಗೆ. 190 ಅಡಿ ಉದ್ದದ, 24 ಟನ್ ಭಾರ ತಾಳುವ ಸೇತುವೆಯ ಜೋಡಣೆ ಜುಲೈ 31ರ ರಾತ್ರಿ ಶುರುವಾಗಿ ಆಗಸ್ಟ್ 1ರ ಸಂಜೆಗೆ ಮುಗಿಯಿತು. ಹತ್ತಡಿಯ ಲೆಕ್ಕದಲ್ಲಿ ಹತ್ತೊಂಬತ್ತು ಅಂಕಣ. ತಂಡವನ್ನು ನಡೆಸಿದ ಮೇಜರ್ ಸೀತಾ ಶೆಳ್ಕೆ ಸೇತುವೆಯ ಕಟಕಟೆಯ ಮೇಲೆ ನಿಂತ ಚಿತ್ರ ಎಲ್ಲರ ಮೊಬೈಲಿಗೂ ಬಂತು. ಅದರ ಹಿಂದೆಯೇ ಬಂದ ಮಾತು ನಮಗೆಲ್ಲ ಗೊತ್ತಿದ್ದದ್ದೇ: ‘ಇವರಿಗೆ ಒಂದೂವರೆ ದಿನ ಸಾಕು, ನಮ್ಮ ಲೋಕೋಪಯೋಗಿ ಇಲಾಖೆಗೆ ಹತ್ತು ವರ್ಷವೂ ಸಾಲದು.’

ನಾನೂ ಈ ಮಾತು ಆಡಿದವನೇ. ನಮ್ಮ ಬೀದಿಯ ಕೊನೆಯ ರಾಜಕಾಲುವೆಯ ಮೇಲಿನ ಮೋರಿ ಎರಡು ಮಳೆಗಾಲ ಬಾಯಿ ತೆರೆದುಕೊಂಡೇ ಇತ್ತು. ಆದರೆ ಈ ಹೋಲಿಕೆಯ ಹಿಂದೆ ಎರಡು ಶತಮಾನದ ಕಥೆಯಿದೆ, ಅದು ತಿಳಿದ ಮೇಲೆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಲೋಕೋಪಯೋಗಿ ಇಲಾಖೆ ಹುಟ್ಟಿದ್ದೇ ಸೇನೆಯ ಮನೆಯಲ್ಲಿ.

‘ಸಿವಿಲ್ ಎಂಜಿನಿಯರ್’ ಎಂಬ ಹೆಸರೇ ಅದನ್ನು ಹೇಳುತ್ತದೆ. ಎಂಜಿನಿಯರ್ ಎಂದರೆ ಮೊದಲು ಕೋಟೆ ಕಟ್ಟುವವನು, ಕೋಟೆ ಒಡೆಯುವವನು, ಸುರಂಗ ತೋಡುವವನು. ಯುದ್ಧಕ್ಕೆ ಸಂಬಂಧವಿಲ್ಲದ ಕೆಲಸ ಮಾಡುವವರು ತಾವು ಬೇರೆ ಎಂದು ತೋರಿಸಲು ‘ಸಿವಿಲ್’ ಎಂದು ಸೇರಿಸಿಕೊಂಡರು. ‘ಸ್ಯಾಪರ್’ ಎಂಬ ಪದವೂ ಶತ್ರುವಿನ ಕೋಟೆಯತ್ತ ಕಂದಕ ತೋಡುತ್ತ ಸಾಗುವವನು ಎಂಬ ಅರ್ಥದ್ದು. ಮದ್ರಾಸ್ ಸ್ಯಾಪರ್ಸ್ ತಮ್ಮ ಹುಟ್ಟನ್ನು 1780ರ ಸೆಪ್ಟೆಂಬರ್ 30ಕ್ಕೆ ಲೆಕ್ಕ ಹಾಕುತ್ತಾರೆ. ಅದು ಈಸ್ಟ್ ಇಂಡಿಯಾ ಕಂಪನಿಗೆ ಹೈದರಾಲಿ ಮದ್ರಾಸಿನ ಬಯಲಲ್ಲಿ ಬೆವರಿಳಿಸುತ್ತಿದ್ದ ವರ್ಷ. ಮೈಸೂರಿನ ವಿರುದ್ಧ ದಾರಿ ಮಾಡಿಕೊಡಲು ಹುಟ್ಟಿದ ದಂಡು 1834ರಲ್ಲಿ ಬೆಂಗಳೂರಿಗೇ ಬಂದು ನೆಲೆಯಾಯಿತು. ಇತಿಹಾಸದ ಇಂಥ ಕುಚೋದ್ಯಗಳಿಗೆ ಬೆಂಗಳೂರಿನಲ್ಲಿ ಕೊರತೆಯಿಲ್ಲ.

ಕಂಪನಿಯ ಕಾಲದಲ್ಲಿ ಬಂಗಾಳದ ಕಡೆ ರಸ್ತೆ, ಕಾಲುವೆ, ಕಟ್ಟಡಗಳ ಉಸ್ತುವಾರಿ ಮಿಲಿಟರಿ ಬೋರ್ಡಿನದಾಗಿತ್ತು. ನಮ್ಮ ಕಡೆ ಕೆರೆಕಟ್ಟೆಗಳ ದುರಸ್ತಿಗೆ ‘ಮರಾಮತ್ತು’ ಎಂಬ ಹೆಸರಿತ್ತು, ಅದು ಕಂದಾಯದವರ ಕೈಯಲ್ಲಿತ್ತು. ಕಂದಾಯ ವಸೂಲಿಯ ಮುಂದೆ ಮರಾಮತ್ತು ಹಿಂದೆ ಬಿತ್ತು. ಡಾಲ್‌ಹೌಸಿ 1854ರಲ್ಲಿ ಲೋಕೋಪಯೋಗಿ ಇಲಾಖೆಯನ್ನು ಪ್ರತ್ಯೇಕವಾಗಿ ಸ್ಥಾಪಿಸಿದ. ಸ್ಥಾಪಿಸಿದನೇನೋ ಸರಿ, ಮೇಜಿನ ಹಿಂದೆ ಕೂತವರು ಮಾತ್ರ ಹಳೆಯ ಸಮವಸ್ತ್ರದವರೇ. ಬೇರೆ ಯಾರಿದ್ದರು? ಎಂಜಿನಿಯರಿಂಗ್ ಕಲಿಸಲೆಂದು ರೂರ್ಕಿಯಲ್ಲಿ ಕಾಲೇಜು ತೆರೆದದ್ದೇ 1847ರಲ್ಲಿ, ಅದೂ ಗಂಗಾ ಕಾಲುವೆಗೆ ಕೈಗಳು ಬೇಕಾಗಿದ್ದರಿಂದ. ಆ ಕಾಲುವೆಯನ್ನು ತೋಡಿಸಿದ ಪ್ರೋಬಿ ಕಾಟ್ಲಿ ಎಂಜಿನಿಯರ್ ದಳದವನೂ ಅಲ್ಲ, ಬಂಗಾಳದ ತೋಪುಖಾನೆಯ ಅಧಿಕಾರಿ.

ದಕ್ಷಿಣದಲ್ಲಿ ಈ ಸಾಲಿನ ದೊಡ್ಡ ಹೆಸರು ಆರ್ಥರ್ ಕಾಟನ್. ಮದ್ರಾಸ್ ಎಂಜಿನಿಯರ್ಸ್‌ನ ಈ ಅಧಿಕಾರಿ 1836ರಲ್ಲಿ ಕೊಳ್ಳಿಡಂ ನದಿಗೆ ಅಣೆ ಕಟ್ಟಿ ತಂಜಾವೂರಿನ ಗದ್ದೆಗಳಿಗೆ ನೀರು ತಿರುಗಿಸಿದ. ಗೋದಾವರಿಗೆ ಧವಳೇಶ್ವರದಲ್ಲಿ ಅವನು ಹಾಕಿದ ಅಣೆಕಟ್ಟೆ 1847ರಲ್ಲಿ ಶುರುವಾಗಿ 1852ಕ್ಕೆ ಮುಗಿಯಿತು. 1833ರ ಭೀಕರ ಬರ ಕಂಡಿದ್ದ ಆ ಸೀಮೆ ಭತ್ತದ ಕಣಜವಾಯಿತು. ಗೋದಾವರಿ ಜಿಲ್ಲೆಗಳ ಊರೂರುಗಳಲ್ಲಿ ಅವನ ಪ್ರತಿಮೆಗಳಿವೆ. ಅವನನ್ನು ಭಗೀರಥನೆಂದು ಕರೆಯುವ ಸಂಸ್ಕೃತ ಶ್ಲೋಕವೊಂದೂ ಅಲ್ಲಿ ಬಳಕೆಯಲ್ಲಿದೆ. ನೀರು ಕೊಟ್ಟವನನ್ನು ನಮ್ಮ ಜನ ಜಾತಿ, ದೇಶ ಕೇಳದೆ ಪುರಾಣಕ್ಕೆ ಸೇರಿಸಿಕೊಳ್ಳುತ್ತಾರೆ. ಅತ್ತ ಕಂಪನಿಗೆ ಕಾಣಿಸಿದ್ದು ಮಾತ್ರ ನೀರು ಹರಿದ ಹೊಲದಿಂದ ಏರುವ ಕಂದಾಯ. ರಸ್ತೆಯ ವಿಚಾರದಲ್ಲೂ ಅಷ್ಟೇ. ಅದರ ಮೇಲೆ ರೈತನ ಗಾಡಿಯೂ ಹೋಯಿತು, ದಂಡೂ ಹೋಯಿತು. ದಂಡಿನದು ಮೊದಲ ಲೆಕ್ಕ.

ಮೈಸೂರಿಗೆ ಬಂದರೆ, ಕಮಿಷನರುಗಳ ಆಡಳಿತದಲ್ಲಿ 1864ರಿಂದ ಮುಖ್ಯ ಎಂಜಿನಿಯರ್ ಆಗಿದ್ದವನು ಇದೇ ಮದ್ರಾಸ್ ಎಂಜಿನಿಯರ್ಸ್‌ನ ರಿಚರ್ಡ್ ಸ್ಯಾಂಕಿ. ವಿಧಾನಸೌಧದ ಎದುರು ಕೆಂಪಗೆ ನಿಂತಿರುವ ಅಠಾರ ಕಚೇರಿ, ಅಂದರೆ ಇಂದಿನ ಹೈಕೋರ್ಟು, ಮೇಲೆದ್ದದ್ದು ಅವನ ಕಾಲದಲ್ಲಿ. ಅದರ ಹಿಂದಿನ ಕಬ್ಬನ್ ಪಾರ್ಕು ರೂಪುಗೊಂಡದ್ದೂ ಆಗಲೇ, 1870ರಲ್ಲಿ. ಸದಾಶಿವನಗರದ ಪಕ್ಕದಲ್ಲಿರುವ ಕೆರೆಗೆ ಅವನದೇ ಹೆಸರು. ನನಗೆ ಸ್ಯಾಂಕಿ ಇಷ್ಟವಾಗುವುದು ಅವನು ಕಟ್ಟಿದ್ದಕ್ಕಿಂತ ಒಪ್ಪಿಕೊಂಡ ಒಂದು ಸಂಗತಿಗಾಗಿ. ಮೈಸೂರು ಸೀಮೆಯ ಕೆರೆಗಳನ್ನೆಲ್ಲ ನೋಡಿದ ಮೇಲೆ ಅವನು ಬರೆದದ್ದರ ಸಾರಾಂಶ ಹೀಗಿದೆ: ಇಲ್ಲಿ ನೀರು ಹಿಡಿದಿಡುವ ಕೆಲಸ ಎಷ್ಟರ ಮಟ್ಟಿಗೆ ನಡೆದಿದೆಯೆಂದರೆ, ಹೊಸ ಕೆರೆಗೆ ಜಾಗ ಹುಡುಕಲು ಬುದ್ಧಿ ಖರ್ಚು ಮಾಡಬೇಕು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಒಡಲಿಗೆ ಇಳಿಯುವಂತೆ ಸರಪಳಿ ಹೆಣೆದವರು ಯಾವ ಎಂಜಿನಿಯರಿಂಗ್ ಕಾಲೇಜಿಗೂ ಹೋಗದ ನಮ್ಮ ಹಳ್ಳಿಗರು. ಅದನ್ನು ಒಬ್ಬ ಮಿಲಿಟರಿ ಎಂಜಿನಿಯರ್ ಬರಹದಲ್ಲಿ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಕನ್ನಡ ನೆಲದ ವಿದ್ಯುತ್ತಿಗೂ ಇಂಥದ್ದೇ ಒಂದು ಹೆಸರಿದೆ. ದಿವಾನ್ ಶೇಷಾದ್ರಿ ಅಯ್ಯರ್ ಆಡಳಿತದಲ್ಲಿ ಶಿವನಸಮುದ್ರದ ಜಲವಿದ್ಯುತ್ ಯೋಜನೆಯ ಬೆನ್ನುಹತ್ತಿದವನು ರಾಯಲ್ ಎಂಜಿನಿಯರ್ಸ್‌ನ ಜೋಲಿ ದ ಲೋಟ್‌ಬಿನಿಯೇರ್, ಕೆನಡಾದ ಫ್ರೆಂಚ್ ಮನೆತನದವನು. 1902ರಲ್ಲಿ ಅಲ್ಲಿನ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ತಲುಪಿತು. ಬೆಂಗಳೂರಿನ ಬೀದಿದೀಪಗಳ ಸರದಿ ಬಂದದ್ದು 1905ರಲ್ಲಿ. ಗಣಿಗೆ ಮೊದಲು, ಊರಿಗೆ ಆಮೇಲೆ. ಇಲ್ಲೂ ಲೆಕ್ಕದ ಕ್ರಮ ಬದಲಾಗಲಿಲ್ಲ. ಮುಂದೆ 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ವಿಶ್ವೇಶ್ವರಯ್ಯನವರು ಬಂದರು. ಅವರು ಪುಣೆಯಲ್ಲಿ ಓದಿ, ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಪಳಗಿದವರು, ದಂಡಿನಿಂದ ಬಂದವರಲ್ಲ. ಅಷ್ಟುಹೊತ್ತಿಗೆ ಸಿವಿಲ್ ಎಂಜಿನಿಯರುಗಳ ಒಂದು ತಲೆಮಾರು ಸಿದ್ಧವಾಗಿತ್ತು. ಸೇನೆ ಊರಿನ ಕೆಲಸದಿಂದ ಮೆಲ್ಲಗೆ ಹಿಂದೆ ಸರಿಯಿತು.

ಪೂರ್ತಿ ಸರಿಯಲಿಲ್ಲ. ಸ್ವತಂತ್ರ ಭಾರತದಲ್ಲಿ ಗಡಿ ರಸ್ತೆಗಳಿಗೆಂದೇ 1960ರ ಮೇ 7ರಂದು ಬಾರ್ಡರ್ ರೋಡ್ಸ್ ಸಂಸ್ಥೆ ಹುಟ್ಟಿತು. ಅಲ್ಲಿ ಸೇನೆಯ ಎಂಜಿನಿಯರುಗಳು ಇಂದಿಗೂ ಇದ್ದಾರೆ. ಅದರ ಆಚೆಗೆ ಒಳನಾಡಿನ ಜಿಲ್ಲೆಗಳಲ್ಲಿ ಸೇನೆಯನ್ನು ಕರೆಯಲು ಒಂದು ಕ್ರಮವಿದೆ. ಪ್ರವಾಹವೋ ಭೂಕುಸಿತವೋ ಆದಾಗ ಜಿಲ್ಲಾಡಳಿತ ಬರಹದಲ್ಲಿ ಕೋರಬೇಕು. ಏನು ಆಗಬೇಕು ಎಂದು ಹೇಳುವುದು ಜಿಲ್ಲಾಡಳಿತ, ಅದನ್ನು ಹೇಗೆ ಮಾಡಬೇಕು ಎಂದು ತೀರ್ಮಾನಿಸುವುದು ಸೇನೆ. ಖರ್ಚಿನ ಬಾಬ್ತೂ ಇದೆ, ಅದು ಕೆಲವೊಮ್ಮೆ ಜಗಳವಾಗುತ್ತದೆ. ವಾಯುಪಡೆಯ ಹೆಲಿಕಾಪ್ಟರು, ವಿಮಾನಗಳ ಸೇವೆಗೆಂದು, ವಯನಾಡಿನದೂ ಸೇರಿ ಹಿಂದಿನ ವರ್ಷಗಳ ಬಾಕಿ ಸುಮಾರು 132 ಕೋಟಿ ರೂಪಾಯಿ ಕೊಡಿ ಎಂದು ಕೇಂದ್ರ ಸರ್ಕಾರ 2024ರಲ್ಲೇ ಕೇರಳಕ್ಕೆ ಬರೆಯಿತು. ಆ ಪಟ್ಟಿಯನ್ನು ಕೇರಳ ಹೈಕೋರ್ಟು ಪ್ರಶ್ನಿಸಿತು. ಹೆಣ ಎತ್ತಿದ ಕೆಲಸಕ್ಕೂ ಬಿಲ್ ಇರುತ್ತದೆ ಎಂದು ಬಹಳ ಜನಕ್ಕೆ ಆಗ ಗೊತ್ತಾಯಿತು.

ವಯನಾಡಿನಂಥ ಕಡೆ ಸೇನೆ ಬರಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ಪ್ರಶ್ನೆ ಏಳುವುದು ಬೇರೆ ಕಡೆ. 2010ರಲ್ಲಿ ದಿಲ್ಲಿಯ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಎರಡು ವಾರವೂ ಉಳಿದಿಲ್ಲದಾಗ ಜವಾಹರಲಾಲ್ ನೆಹರೂ ಕ್ರೀಡಾಂಗಣದ ಹತ್ತಿರ ಕಟ್ಟುತ್ತಿದ್ದ ಕಾಲುಸೇತುವೆ ಕುಸಿಯಿತು. ಸೇನೆ ಬಂದು ಕೂಟಕ್ಕೆ ಮೊದಲೇ ಬೈಲಿ ಸೇತುವೆ ನಿಲ್ಲಿಸಿ ದೇಶದ ಮಾನ ಉಳಿಸಿತು. ಮಾನ ಕಳೆದದ್ದು ನದಿಯೂ ಅಲ್ಲ, ಗುಡ್ಡವೂ ಅಲ್ಲ. 2017ರ ಸೆಪ್ಟೆಂಬರ್ 29ರಂದು ಮುಂಬೈನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಮೆಟ್ಟಿಲಲ್ಲಿ ಕಾಲ್ತುಳಿತವಾಗಿ 23 ಜನ ಸತ್ತರು. ಹೊಸ ಸೇತುವೆ ಬೇಕೆಂಬ ಬೇಡಿಕೆ ಹಳೆಯದಾಗಿತ್ತು. ಕೊನೆಗೆ ಎಲ್ಫಿನ್‌ಸ್ಟನ್ ರೋಡ್, ಕರ‍್ರಿ ರೋಡ್, ಅಂಬಿವಲಿ ಮೂರೂ ಕಡೆ ಕಾಲುಸೇತುವೆ ಕಟ್ಟುವ ಹೊಣೆ ಸೇನೆಗೆ ಬಂತು. 2018ರ ಫೆಬ್ರುವರಿ 27ರಂದು ಅವು ಜನಬಳಕೆಗೆ ತೆರೆದವು. ಆಗ ಪಂಜಾಬಿನ ಮುಖ್ಯಮಂತ್ರಿಯಾಗಿದ್ದ, ಸ್ವತಃ ಸೇನೆಯಲ್ಲಿದ್ದ ಅಮರಿಂದರ್ ಸಿಂಗ್ ನೇರವಾಗಿಯೇ ಆಕ್ಷೇಪಿಸಿದರು: ಸೇನೆಯ ಕೆಲಸ ಯುದ್ಧಕ್ಕೆ ಸಿದ್ಧವಾಗುವುದು, ರೈಲ್ವೆಯ ಕೆಲಸ ಮಾಡುವುದಲ್ಲ. ನನಗೆ ಆ ಆಕ್ಷೇಪ ಸರಿಯೆನಿಸುತ್ತದೆ. ರೈಲ್ವೆಯ ಬಳಿ ಎಂಜಿನಿಯರುಗಳಿಲ್ಲವೇ? ಬೇಕಾದಷ್ಟು ಇದ್ದಾರೆ. ಅವರ ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು ಎಂದು ಕೇಳುವ ಬದಲು ಮಿಲಿಟರಿಯವರನ್ನು ಕರೆಸಿದರೆ ಚಪ್ಪಾಳೆ ಬೀಳುತ್ತದೆ, ಕಡತ ಅಲ್ಲೇ ಮಲಗಿರುತ್ತದೆ.

ಹಾಗೆಂದು ಬೈಲಿ ಸೇತುವೆಯ ಪಕ್ಕ ಸಿವಿಲ್ ಸೇತುವೆಯನ್ನು ನಿಲ್ಲಿಸಿ ನಗುವುದೂ ನ್ಯಾಯವಲ್ಲ. ಚೂರಲ್‌ಮಲದಲ್ಲಿ ಕಟ್ಟಿದ್ದಕ್ಕಿಂತ ಜೋಡಿಸಿದ್ದು ಎನ್ನುವುದೇ ಸರಿ. ಆ ಚೌಕಟ್ಟುಗಳು ಎಂದೋ ತಯಾರಾಗಿ ಉಗ್ರಾಣದಲ್ಲಿದ್ದವು. ಒಂದಷ್ಟು ಬೆಂಗಳೂರಿನಿಂದ ಲಾರಿಗಳಲ್ಲಿ, ಒಂದಷ್ಟು ದಿಲ್ಲಿಯಿಂದ ವಿಮಾನದಲ್ಲಿ ಕಣ್ಣೂರಿಗಿಳಿದು ಬಂದವು. ಅವಕ್ಕೆ ಟೆಂಡರ್ ಕರೆಯಬೇಕಿರಲಿಲ್ಲ, ಜಮೀನು ಸ್ವಾಧೀನ ಬೇಕಿರಲಿಲ್ಲ, ನೂರು ವರ್ಷದ ಮಳೆ ಲೆಕ್ಕ ಹಾಕಿ ಕಂಬದ ಬುಡ ಎಷ್ಟು ಆಳಕ್ಕಿರಬೇಕೆಂದು ನಿರ್ಧರಿಸಬೇಕಿರಲಿಲ್ಲ. ಶಾಂತಿಕಾಲದಲ್ಲಿ ಸೈನಿಕರು ಮಾಡುವ ತಾಲೀಮೇ ಅದು: ಚೌಕಟ್ಟು ಹೊರುವುದು, ಪಿನ್ ಹೊಡೆಯುವುದು, ಬಿಚ್ಚುವುದು, ಮತ್ತೆ ಹೊರುವುದು. ಕತ್ತಲಲ್ಲಿ, ಮಳೆಯಲ್ಲಿ, ಕೈ ತಾನಾಗಿ ಕೆಲಸ ಮಾಡುವ ತನಕ.

ಮತ್ತೆ, ಬೈಲಿ ಸೇತುವೆ ಎರವಲು ಸಾಮಾನು. ಇದನ್ನು ಕೇರಳದವರು ನಮಗಿಂತ ಚೆನ್ನಾಗಿ ಬಲ್ಲರು. 1996ರಲ್ಲಿ ರಾನ್ನಿಯಲ್ಲಿ ಪಂಪಾ ನದಿಯ ಸೇತುವೆ ಕುಸಿದಾಗ ಸೇನೆ ಇಂಥದ್ದನ್ನೇ ಹಾಕಿಕೊಟ್ಟಿತ್ತು. 2017ರಲ್ಲಿ ಕಲ್ಲಡ ನದಿಯ ಮೇಲಿನ ಏನಾತ್ ಸೇತುವೆ ಬಿರುಕುಬಿಟ್ಟು ತಿರುವನಂತಪುರದ ಹೆದ್ದಾರಿ ಕಡಿದುಹೋದಾಗ ಏಪ್ರಿಲ್‌ನಲ್ಲಿ ಪಕ್ಕದಲ್ಲೇ ಇನ್ನೊಂದು ಬಂತು. ಸಣ್ಣ ವಾಹನಗಳು ಅದರ ಮೇಲೆ ಸಾಲಾಗಿ, ಹಲಗೆಗಳನ್ನು ಗಡಗಡ ಅನ್ನಿಸುತ್ತ ದಾಟಿದವು. ಅಷ್ಟರಲ್ಲಿ ರಾಜ್ಯದ ಎಂಜಿನಿಯರುಗಳು ಹಳೆಯ ಸೇತುವೆಯ ಕಂಬಗಳನ್ನು ಸರಿಪಡಿಸುವ ಕೆಲಸಕ್ಕೆ ಇಳಿದಿದ್ದರು, ಕೆಲವೇ ತಿಂಗಳಲ್ಲಿ ಅದನ್ನು ಮುಗಿಸಿ ಸಂಚಾರಕ್ಕೆ ಬಿಟ್ಟರು. ಸೇನೆಯ ಸೇತುವೆಯ ಕೆಲಸ ಅಲ್ಲಿಗೆ ಮುಗಿಯಿತು. ಪಿನ್ನುಗಳನ್ನು ಹಿಂದಿನಿಂದ ಹೊಡೆದು ಹೊರತೆಗೆದು ಚೌಕಟ್ಟುಗಳನ್ನು ಬಿಡಿಸಿದರೆ ಅವು ಮತ್ತೆ ಉಗ್ರಾಣದ ಸಾಮಾನು, ಮುಂದಿನ ಹೊಳೆಗೆ ಸಿದ್ಧ.