ಚೀಟಿಯಲ್ಲಿ ಬರೆಯದ ಕಾಯಿಲೆಗಳು

‘ಮೊಣಕಾಲು ನೋವು. ವ್ಯಾಯಾಮ ಕಲಿಸಿ.’ ಫಿಸಿಯೋಥೆರಪಿಸ್ಟ್ ಕೈಗೆ ಬರುವ ಚೀಟಿಯಲ್ಲಿ ಎಷ್ಟೋ ಸಲ ಇರುವುದು ಇಷ್ಟೇ. ಚೀಟಿ ತಂದವರನ್ನು ಕೂರಿಸಿ ಮಾತಾಡಿಸಿದರೆ ಉಳಿದದ್ದು ಒಂದೊಂದಾಗಿ ಹೊರಬರುತ್ತದೆ: ಹತ್ತು ವರ್ಷದಿಂದ ಶುಗರ್, ಬೆಳಿಗ್ಗೆ ಬಿಪಿ ಮಾತ್ರೆ, ಎರಡು ವರ್ಷದ ಹಿಂದೆ ಹಾಕಿಸಿಕೊಂಡ ಸ್ಟೆಂಟ್, ಸಂಜೆಯಾದರೆ ಊದಿಕೊಳ್ಳುವ ಪಾದ. ಮೊಣಕಾಲಿಗೆಂದು ಕೊಟ್ಟ ವ್ಯಾಯಾಮ ಮೊಣಕಾಲಿಗೇ ನಿಲ್ಲುವುದಿಲ್ಲ. ಹೃದಯ, ಶ್ವಾಸಕೋಶ, ರಕ್ತದ ಸಕ್ಕರೆ ಎಲ್ಲವೂ ಅದರ ಭಾರ ಹೊರಬೇಕು. ಹಾಗಾದರೆ ರೋಗಿಯನ್ನು ಎಬ್ಬಿಸಿ ನಡೆಸುವವರಿಗೆ ವೈದ್ಯಶಾಸ್ತ್ರ ಎಷ್ಟು ಗೊತ್ತಿರಬೇಕು? ಪ್ರಶ್ನೆಗೆ ನೂರು ವರ್ಷ ದಾಟಿದೆ. ಉತ್ತರ ಮಾತ್ರ ಮತ್ತೆ ಮತ್ತೆ ಮಗ್ಗುಲು ಬದಲಿಸುತ್ತ ಬಂದಿದೆ.

1813ರಲ್ಲಿ ಪೆರ್ ಹೆನ್ರಿಕ್ ಲಿಂಗ್ ಸ್ಟಾಕ್‌ಹೋಮ್‌ನಲ್ಲಿ ಅಂಗಸಾಧನೆಯ ಸಂಸ್ಥೆ ಕಟ್ಟಿದ. 1894ರಲ್ಲಿ ಇಂಗ್ಲೆಂಡಿನ ನಾಲ್ವರು ದಾದಿಯರು ಮಸಾಜ್ ಕಲಿತವರದೊಂದು ಸಂಘ ಹುಟ್ಟುಹಾಕಿದರು. ಇಂದಿನ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿಯ ಬೇರು ಅದೇ. ವೈದ್ಯರು ಹೇಳದೆ ಯಾರ ಮೈಯನ್ನೂ ಮುಟ್ಟಬಾರದು ಎಂಬುದು ಆ ಸಂಘದ ಮೊದಲ ಕಟ್ಟಳೆಗಳಲ್ಲೊಂದು. ಇದನ್ನು ರೋಗಿಯ ಸುರಕ್ಷತೆಯ ನಿಯಮವೆಂದು ನಾವು ಓದಿಕೊಳ್ಳುತ್ತೇವೆ. ಆದರೆ ಆಗ ಮಸಾಜ್ ಎಂಬ ಫಲಕದ ಹಿಂದೆ ಬೇರೆ ದಂಧೆ ನಡೆಯುತ್ತಿತ್ತು, ಅದರ ಕಳಂಕ ತಮಗೆ ತಗುಲಬಾರದೆಂಬ ಕಾಳಜಿ ಆ ದಾದಿಯರಿಗಿತ್ತು. ಅಂದರೆ ವೈದ್ಯರ ಚೀಟಿ ಮೊದಲು ಕಾಪಾಡಿದ್ದು ವೃತ್ತಿಯ ಮಾನವನ್ನು. ಚೀಟಿ ಇದೆ ಎಂದ ಮೇಲೆ ಯೋಚಿಸುವ ಕೆಲಸ ಬೇರೆಯವರದು ಎಂಬ ಅಭ್ಯಾಸ ಆಮೇಲೆ ಅದಕ್ಕೆ ಅಂಟಿಕೊಂಡಿತು.

ಎರಡು ಮಹಾಯುದ್ಧಗಳು ಮತ್ತು ಪೋಲಿಯೋ ಸೇರಿ ಈ ಕಸುಬನ್ನು ಆಸ್ಪತ್ರೆಯೊಳಗೆ ತಂದು ನಿಲ್ಲಿಸಿದವು. ಆ ದಶಕಗಳ ರೋಗಿ ಯಾರು ಎಂಬುದನ್ನು ಮಾತ್ರ ಗಮನಿಸಬೇಕು. ಗುಂಡು ತಗುಲಿದ ಇಪ್ಪತ್ತೆರಡರ ಸೈನಿಕ, ಕಾಲು ಸೋತ ಮಗು. ಕೆಟ್ಟಿದ್ದು ಒಂದು ಅಂಗ, ಮಿಕ್ಕ ದೇಹ ಗಟ್ಟಿ. ಪಠ್ಯಕ್ರಮವೂ ಹಾಗೆಯೇ ಬೆಳೆಯಿತು: ಸ್ನಾಯು, ಕೀಲು, ನರ. 1921ರಲ್ಲಿ ಇನ್ಸುಲಿನ್ ಸಿಕ್ಕಿತು, ಆಮೇಲೆ ಆ್ಯಂಟಿಬಯಾಟಿಕ್ ಬಂದವು, 1955ರಲ್ಲಿ ಪೋಲಿಯೋ ಲಸಿಕೆ ಬಂತು. ಹಿಂದೆ ಬೇಗ ಸಾಯುತ್ತಿದ್ದವರು ಮೂರ್ನಾಲ್ಕು ಕಾಯಿಲೆ ಹೊತ್ತು ಎಪ್ಪತ್ತರವರೆಗೆ ಬದುಕತೊಡಗಿದರು. ‘ಮಿಕ್ಕ ದೇಹ ಗಟ್ಟಿ’ ಎಂಬ ಲೆಕ್ಕ ಮಾತ್ರ ಯಾರೂ ಅಳಿಸದೆ ಹಲಗೆಯ ಮೇಲೆ ಉಳಿದುಬಿಟ್ಟಿತು.

ಇದರ ಜೊತೆಗೇ ಇನ್ನೊಂದು ಕಥೆ ನಡೆಯುತ್ತಿತ್ತು, ಹಾಸಿಗೆಯದು. ಹೃದಯಾಘಾತವಾದವರನ್ನು ನಾಲ್ಕರಿಂದ ಆರು ವಾರ ಮಲಗಿಸುವುದು ಆಗಿನ ಸಾಮಾನ್ಯ ಚಿಕಿತ್ಸೆ. ಕೆಲವು ಕಡೆ ತುತ್ತು ತಿನ್ನಿಸುವುದೂ, ಹೊರಳಿಸುವುದೂ ದಾದಿಯೇ. ಗಾಯವಾದ ಹೃದಯಕ್ಕೆ ವಿಶ್ರಾಂತಿ ಬೇಕು ಎಂಬ ಮಾತು ಕೇಳಲು ಎಷ್ಟು ಸರಿಯಾಗಿದೆಯೆಂದರೆ ಪರೀಕ್ಷಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. 1947ರಲ್ಲಿ ಬ್ರಿಟನ್ನಿನ ವೈದ್ಯ ರಿಚರ್ಡ್ ಆಷರ್, ಮಲಗುವುದರಿಂದಲೇ ಆಗುವ ಅಪಾಯಗಳ ಪಟ್ಟಿ ಕೊಟ್ಟು ಲೇಖನ ಬರೆದ: ಕಾಲಿನಲ್ಲಿ ಹೆಪ್ಪುಗಟ್ಟುವ ರಕ್ತ, ಕ್ಷೀಣಿಸುವ ಸ್ನಾಯು, ಸವೆಯುವ ಮೂಳೆ, ಮಂಕಾಗುವ ಮನಸ್ಸು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ತಮ್ಮ ಹೃದಯಾಘಾತದ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿದ್ದನ್ನು ವರದಿ ಮಾಡಿದರು. ಬರೀ ಕೂರಿಸಿದ್ದು, ನಡೆಸಿದ್ದೂ ಅಲ್ಲ. ಅದಕ್ಕೇ ವಿರೋಧ ಬಂತು.

1966ರಲ್ಲಿ ಡಲ್ಲಾಸ್‌ನಲ್ಲಿ ನಡೆದ ಪ್ರಯೋಗ ಚಿಕ್ಕದು, ಆದರೆ ನನಗೆ ಇಡೀ ಇತಿಹಾಸದಲ್ಲಿ ಹೆಚ್ಚು ಕಾಡುವುದು ಅದೇ. ಇಪ್ಪತ್ತರ ಪ್ರಾಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿಟ್ಟರು. ಎದ್ದಾಗ ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷದ ನಂತರ, ಐವತ್ತು ದಾಟಿದ ಅದೇ ಐವರನ್ನು ಕರೆಸಿ ಮತ್ತೆ ಅಳೆದರು. ಮೂರು ದಶಕದ ವಯಸ್ಸು ಕಸಿದದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಸಿದದ್ದೇ ಹೆಚ್ಚಾಗಿತ್ತು. ಆರು ವಾರ ಮಲಗಿದ್ದ ಹೃದ್ರೋಗಿಗಳ ಪಾಡು ಏನಾಗಿರಬೇಡ! ‘ಹೃದಯ ದುರ್ಬಲವಾಗಿದೆ’ ಎಂದು ಕೇಸ್‌ಶೀಟಿನಲ್ಲಿ ಬರೆದದ್ದರಲ್ಲಿ ಕಾಯಿಲೆಯ ಪಾಲೆಷ್ಟು, ಚಿಕಿತ್ಸೆಯ ಪಾಲೆಷ್ಟು?

ಹೀಗೆ ವ್ಯಾಯಾಮವೇ ಮದ್ದಾಯಿತು. ಮದ್ದೆಂದ ಮೇಲೆ ಪ್ರಮಾಣ ಬೇಕು. ‘220ರಿಂದ ವಯಸ್ಸು ಕಳೆ, ಅದರ ಇಷ್ಟು ಪ್ರತಿಶತಕ್ಕೆ ನಾಡಿ ಏರಿಸು’ ಎಂಬ ಸೂತ್ರ 1970ರ ದಶಕದಲ್ಲಿ ಹಬ್ಬಿತು. ಲೆಕ್ಕ ಸುಲಭ, ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಅದೇ ಹೊತ್ತಿಗೆ ಬೀಟಾ ಬ್ಲಾಕರ್ ಮಾತ್ರೆಗಳೂ ಬಳಕೆಗೆ ಬಂದಿದ್ದವು. ನಾಡಿ ಏರದಂತೆ ಹಿಡಿದಿಡುವುದೇ ಅವುಗಳ ಕೆಲಸ.

ವೃತ್ತಿಗೆ ಬಂದ ಹೊಸತರಲ್ಲಿ ನಾನೂ ಈ ಹಳ್ಳಕ್ಕೆ ಬಿದ್ದವನು. ಟ್ರೆಡ್‌ಮಿಲ್ ಮೇಲೆ 62 ವರ್ಷದ ರೋಗಿ. 220ರಲ್ಲಿ 62 ಕಳೆದರೆ 158, ಅದರ 60 ಪ್ರತಿಶತ ಸುಮಾರು 95. ಪರದೆ 88 ತೋರಿಸುತ್ತಿತ್ತು. ಇನ್ನೂ ಏರಿಲ್ಲವಲ್ಲ ಎಂದು ವೇಗ ಹೆಚ್ಚಿಸಿದೆ, ಮತ್ತೆ ಹೆಚ್ಚಿಸಿದೆ. ಅವರ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು, ಸರಳು ಹಿಡಿದ ಬೆರಳ ಗೆಣ್ಣು ಬಿಳಿಚಿತ್ತು, ನಾನು ಕೇಳಿದ್ದಕ್ಕೆ ‘ಹಾಂ’, ‘ಹೂಂ’ ಬಿಟ್ಟು ಉತ್ತರವಿರಲಿಲ್ಲ. ನಾನು ನೋಡುತ್ತಿದ್ದದ್ದು ಪರದೆ. ಆಚೆ ಬದಿಯಲ್ಲಿದ್ದ ಹಿರಿಯರು ಬಂದು ಮಾತಿಲ್ಲದೆ ಯಂತ್ರ ನಿಲ್ಲಿಸಿದರು, ರೋಗಿಯನ್ನು ಕೂರಿಸಿದರು. ಉಸಿರು ಹದಕ್ಕೆ ಬಂದ ಮೇಲೆ ‘ಯಾವ ಮಾತ್ರೆ ತಗೋತೀರಿ ಸಾರ್?’ ಎಂದು ಕೇಳಿದರು. ಅಂಗಿ ಜೇಬಿನಿಂದ ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಮಾತ್ರೆಯ ಪಟ್ಟಿ ಹೊರಬಂತು. ನನ್ನನ್ನು ಅವರು ಬೈಯಲಿಲ್ಲ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಇಂಥ ಕಡೆ ಕೆಲಸಕ್ಕೆ ಬರುವುದು ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಅಳತೆ. ‘ಎಷ್ಟು ಕಷ್ಟ ಅನ್ನಿಸುತ್ತಿದೆ’ ಎಂದು ರೋಗಿಯನ್ನೇ ಕೇಳಿ 6ರಿಂದ 20ರವರೆಗೆ ಅಂಕಿ ಕೊಡಿಸುವುದು. 6ರಿಂದ ಏಕೆ ಶುರು ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ: ಹತ್ತರಿಂದ ಗುಣಿಸಿದರೆ ಆರೋಗ್ಯವಂತ ಯುವಕನ ನಾಡಿಗೆ ಹತ್ತಿರ ಬರಲಿ ಎಂದು. ಯಂತ್ರ ತಪ್ಪು ಹೇಳುವಲ್ಲಿ ರೋಗಿಯ ಬಾಯಿಮಾತು ಸರಿ ಹೇಳುತ್ತದೆ. ಬೀಟಾ ಬ್ಲಾಕರ್‌ನದು ಇನ್ನೂ ಒಂದು ಕಿತಾಪತಿ ಇದೆ. ಇನ್ಸುಲಿನ್ ತೆಗೆದುಕೊಳ್ಳುವವರ ಸಕ್ಕರೆ ವ್ಯಾಯಾಮದ ನಡುವೆ ಇಳಿದಾಗ ಕೈನಡುಕ, ಎದೆಬಡಿತ ಮುನ್ಸೂಚನೆ ಕೊಡುತ್ತವೆ. ಈ ಮಾತ್ರೆ ಆ ಎರಡನ್ನೂ ಮುಚ್ಚಿಹಾಕಬಲ್ಲದು. ಬೆವರನ್ನು ಮಾತ್ರ ಮುಚ್ಚುವುದಿಲ್ಲ. ಹಾಗಾಗಿ ತಣ್ಣನೆ ಬೆವರು ಕಂಡರೆ ಬಿಪಿಯ ಜೊತೆ ಸಕ್ಕರೆಯನ್ನೂ ನೋಡಬೇಕು. ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡು ಬಂದವರಿಗೆ ಆಗಲೇ ಸೈಕಲ್ ತುಳಿಸಿದರೆ ಮದ್ದು ಬೇಗ ರಕ್ತಕ್ಕೆ ಸೇರುತ್ತದೆ. ಸಂಜೆಯ ವ್ಯಾಯಾಮ ಸಕ್ಕರೆಯನ್ನು ನಡುರಾತ್ರಿಯಲ್ಲೂ ಇಳಿಸಬಹುದು. ಇದರಲ್ಲಿ ಯಾವುದೂ ‘ಮೊಣಕಾಲು ನೋವು’ ಎಂಬ ಚೀಟಿಯಲ್ಲಿ ಇರುವುದಿಲ್ಲ.

ಇನ್ನು ಚೀಟಿಯೇ ಬೇಡ ಎಂಬ ಘಟ್ಟ. ಅಮೆರಿಕದ ನೆಬ್ರಾಸ್ಕಾ 1957ರಲ್ಲೇ ಬಾಗಿಲು ತೆರೆದಿತ್ತು. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟರು 1976ರಲ್ಲಿ ವೈದ್ಯರ ಶಿಫಾರಸಿನ ನಿಯಮವನ್ನು ಕೈಬಿಟ್ಟರು, ಬ್ರಿಟನ್ ಬೆನ್ನಿಗೇ ಬಂತು. 2015ರ ಹೊತ್ತಿಗೆ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಒಂದಲ್ಲ ಒಂದು ಬಗೆಯಲ್ಲಿ ನೇರ ಭೇಟಿಗೆ ಅವಕಾಶವಾಯಿತು. ಹಕ್ಕಿನ ಗೆಲುವೆಂದು ಇದನ್ನು ಸಂಭ್ರಮಿಸಿದವರೂ ಇದ್ದಾರೆ, ಅಪಾಯವೆಂದು ಹುಬ್ಬೇರಿಸಿದವರೂ ಇದ್ದಾರೆ. ನಡುವೆ ಒಂದು ಸಣ್ಣ ವಿಷಯ ಮರೆಯಾಗುತ್ತದೆ. ಚೀಟಿ ಇದ್ದಾಗಲೂ ರೋಗಿಯನ್ನು ವಾರಕ್ಕೆ ಮೂರು ಸಲ, ಅರ್ಧ ಗಂಟೆ, ಅಂಗಿ ಕಳಚಿ ನೋಡುತ್ತಿದ್ದದ್ದು ಯಾರು?

ಭುಜ ನೋವೆಂದು ಬಂದವರ ತೋಳನ್ನು ಯಾವ ದಿಕ್ಕಿಗೆ ಎತ್ತಿಸಿದರೂ ನೋಯುವುದಿಲ್ಲ, ಒತ್ತಿದರೂ ಇಲ್ಲ. ‘ಯಾವಾಗ ಬರುತ್ತೆ?’ ಎಂದರೆ, ಮೆಟ್ಟಿಲು ಹತ್ತುವಾಗ. ‘ಯಾವಾಗ ಹೋಗುತ್ತೆ?’ ಎಂದರೆ, ಎರಡು ನಿಮಿಷ ನಿಂತರೆ. ಇದು ಭುಜದ ಕತೆಯಲ್ಲ, ಹೃದಯದ್ದು. ಕೀಲು ಅಲುಗಿಸಿದಾಗ ಬದಲಾಗದ ನೋವನ್ನು ಕೀಲಿನ ತಲೆಗೆ ಕಟ್ಟಬಾರದು ಎಂಬ ಒಂದು ತಿಳಿವಳಿಕೆ ಸಾಕು, ಅವರನ್ನು ಇರಬೇಕಾದ ಕಡೆಗೆ ಕಳಿಸಲು. ಪಿತ್ತಕೋಶ ಬಲ ಭುಜಕ್ಕೆ ನೋವು ಕಳಿಸುತ್ತದೆ, ಮೂತ್ರಪಿಂಡ ಸೊಂಟಕ್ಕೆ.

ಇಂಥ ಸುಳಿವುಗಳನ್ನು ಪಟ್ಟಿ ಮಾಡಿ ‘ರೆಡ್ ಫ್ಲ್ಯಾಗ್’ ಎಂದು ಕರೆಯುವ ರೂಢಿ 1990ರ ದಶಕದ ಬೆನ್ನುನೋವಿನ ಮಾರ್ಗಸೂಚಿಗಳಿಂದ ಬಲವಾಯಿತು: ಹಿಂದೆ ಕ್ಯಾನ್ಸರ್ ಆಗಿತ್ತೇ, ಕಾರಣವಿಲ್ಲದೆ ತೂಕ ಇಳಿಯಿತೇ, ಜ್ವರವಿದೆಯೇ, ಬಹುಕಾಲ ಸ್ಟಿರಾಯ್ಡ್ ತಗೊಂಡಿದ್ದೀರಾ, ರಾತ್ರಿ ನೋವೇ. ಪಟ್ಟಿ ಬಂದೊಡನೆ ಅದು ಫಾರಂ ಆಯಿತು, ಫಾರಂ ಆದೊಡನೆ ಟಿಕ್ ಹಾಕುವ ಕೆಲಸವಾಯಿತು. 2009ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ ಹೊಸದಾಗಿ ಬೆನ್ನುನೋವು ಬಂದ 1,172 ಜನರನ್ನು ಹಿಂಬಾಲಿಸಿತು. ಗಂಭೀರ ಕಾಯಿಲೆ ಸಿಕ್ಕಿದ್ದು 11 ಮಂದಿಯಲ್ಲಿ, ಅದರಲ್ಲೂ 8 ಮೂಳೆ ಮುರಿತ. ಆದರೆ ಕನಿಷ್ಠ ಒಂದು ಕೆಂಪು ಬಾವುಟವಾದರೂ ಇದ್ದವರು ಹತ್ತರಲ್ಲಿ ಎಂಟು ಜನ! ಎಲ್ಲರನ್ನೂ ಸ್ಕ್ಯಾನಿಗೆ ಅಟ್ಟಿದರೆ ಆಸ್ಪತ್ರೆ ತುಂಬುತ್ತದೆ, ಯಾರನ್ನೂ ಅಟ್ಟದಿದ್ದರೆ ಒಬ್ಬರು ಕೈತಪ್ಪುತ್ತಾರೆ. ಆದರೆ ಕುದುರೆಯ ಜೀನಿನ ಮೇಲೆ ಕೂತರೆ ತಾಗುವಷ್ಟು ಜಾಗ ಜೋಮು ಹಿಡಿದಿದೆ, ಮೂತ್ರ ಬಂದದ್ದೇ ತಿಳಿಯುತ್ತಿಲ್ಲ ಎನ್ನುವವರ ವಿಷಯದಲ್ಲಿ ತೂಗಿ ನೋಡುತ್ತ ಕೂರುವಂತಿಲ್ಲ. ಬೆನ್ನುಹುರಿಯ ಕೆಳತುದಿಯ ನರಗಳು ಒತ್ತಿಕೊಂಡಿರಬಹುದು, ಅಲ್ಲಿ ಗಂಟೆಗಳ ಲೆಕ್ಕ. ಆ ಪ್ರಶ್ನೆ ಕೇಳಲು ಮುಜುಗರ ಪಡುವ ಫಿಸಿಯೋಗಳು ಈಗಲೂ ಇದ್ದಾರೆ.

2009 ಇನ್ನೂ ಎರಡು ಹಳೆಯ ಭಯಗಳನ್ನು ಅಲ್ಲಾಡಿಸಿತು. ಹೃದಯ ವೈಫಲ್ಯ ಇರುವವರಿಗೆ ಒಂದು ಕಾಲಕ್ಕೆ ವ್ಯಾಯಾಮವೇ ನಿಷಿದ್ಧ. ಅಂಥ 2,331 ಜನರ ಪ್ರಯೋಗದಲ್ಲಿ ವ್ಯಾಯಾಮ ಸುರಕ್ಷಿತವೆಂದು ಕಂಡಿತು, ಲಾಭ ಮಾತ್ರ ನಿರೀಕ್ಷಿಸಿದಷ್ಟು ದೊಡ್ಡದಾಗಿರಲಿಲ್ಲ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ತೋಳು ಊದಿಕೊಂಡವರಿಗೆ ‘ಭಾರ ಎತ್ತಲೇಬೇಡಿ’ ಎಂದು ದಶಕಗಳ ಕಾಲ ಹೇಳಿ ಕಳಿಸುತ್ತಿದ್ದರು. ಅವರಲ್ಲಿ 141 ಮಹಿಳೆಯರ ಪ್ರಯೋಗದಲ್ಲಿ, ಕ್ರಮವಾಗಿ ಭಾರ ಎತ್ತಿದವರ ಊತ ಹೆಚ್ಚಲಿಲ್ಲ, ಉಲ್ಬಣಿಸುವುದೂ ಕಡಿಮೆಯಾಯಿತು. ಮಗುವನ್ನು ಎತ್ತಿಕೊಳ್ಳಲೂ ಹೆದರಿದ ಅಷ್ಟು ವರ್ಷಗಳಿಗೆ ಲೆಕ್ಕ ಕೊಡುವವರಿಲ್ಲ. ಅದೇ ವರ್ಷ ವೆಂಟಿಲೇಟರಿನಲ್ಲಿದ್ದ 104 ರೋಗಿಗಳ ಇನ್ನೊಂದು ಪ್ರಯೋಗದಲ್ಲಿ, ಬೇಗ ಎಬ್ಬಿಸಿ ಚಲಿಸಿದವರಲ್ಲಿ 59 ಪ್ರತಿಶತ ಮಂದಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸ್ಥಿತಿಯಲ್ಲಿ ಮನೆಗೆ ಹೋದರು. ಮಾಮೂಲಿ ಆರೈಕೆಯಲ್ಲಿ ಅದು 35.

ನಾವೆಲ್ಲ ಹಿಗ್ಗಿದೆವು. ಹಾಸಿಗೆಯೇ ಶತ್ರು, ಎಬ್ಬಿಸಿ, ಇನ್ನೂ ಬೇಗ ಎಬ್ಬಿಸಿ. 2015ರಲ್ಲಿ ಪಾರ್ಶ್ವವಾಯುವಿನ 2,104 ರೋಗಿಗಳ ಪ್ರಯೋಗ ಬಂತು. 24 ಗಂಟೆಯೊಳಗೆ, ಹೆಚ್ಚು ಸಲ, ಹೆಚ್ಚು ಹೊತ್ತು ಎಬ್ಬಿಸಿದವರಲ್ಲಿ ಒಳ್ಳೆಯ ಚೇತರಿಕೆ ಕಂಡದ್ದು 46 ಪ್ರತಿಶತ, ಮಾಮೂಲಿ ಗುಂಪಿನಲ್ಲಿ 50. 2022ರಲ್ಲಿ 750 ಐಸಿಯು ರೋಗಿಗಳ ಪ್ರಯೋಗದಲ್ಲಿ, ದಿನಕ್ಕೆ ಸುಮಾರು 21 ನಿಮಿಷ ಚಲಿಸಿದವರು 9 ನಿಮಿಷದವರಿಗಿಂತ ಬೇಗ ಮನೆ ಸೇರಲಿಲ್ಲ. ಅವರಲ್ಲಿ ತೊಡಕುಗಳೂ ಹೆಚ್ಚು, 4.1ಕ್ಕೆ ಪ್ರತಿಯಾಗಿ 9.2 ಪ್ರತಿಶತ. ಶ್ರಮಪಟ್ಟ ಮರುದಿನ ಕುಸಿದುಬೀಳುವ ಎಂಇ (ದೀರ್ಘಕಾಲದ ತೀವ್ರ ಬಳಲಿಕೆ) ಕಾಯಿಲೆಯವರಿಗೆ ದಿನದಿನಕ್ಕೆ ವ್ಯಾಯಾಮ ಏರಿಸುತ್ತ ಹೋಗುವ ಪದ್ಧತಿಯನ್ನು ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು. ಆ ರೋಗಿಗಳು ವರ್ಷಗಳಿಂದ ಅದನ್ನೇ ಹೇಳುತ್ತಿದ್ದರು. ‘ಮನಸ್ಸು ಮಾಡಿದರೆ ಆಗುತ್ತದೆ’ ಎಂಬುದು ಅವರಿಗೆ ಸಿಗುತ್ತಿದ್ದ ಉತ್ತರ.

ಪಠ್ಯವೇನೋ ಉಬ್ಬಿದೆ. ಅಮೆರಿಕದಲ್ಲಿ 1993ರಲ್ಲಿ ಶುರುವಾದ ಡಾಕ್ಟರೇಟ್ ಮಟ್ಟದ ಶಿಕ್ಷಣ ಈಗ ವೃತ್ತಿಗೆ ಕಾಲಿಡಲು ಕಡ್ಡಾಯ. ಪ್ಲೇಟ್‌ಲೆಟ್ ಎಷ್ಟಿದ್ದರೆ ಭಾರ ಎತ್ತಿಸಬಾರದು, ಪೇಸ್‌ಮೇಕರ್ ಇರುವವರ ಹತ್ತಿರ ಯಾವ ವಿದ್ಯುತ್ ಯಂತ್ರ ಒಯ್ಯಬಾರದು, ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ಉಜ್ಜುವ ಮೊದಲು ಏನು ಯೋಚಿಸಬೇಕು, ಎಲ್ಲವೂ ಪುಸ್ತಕದಲ್ಲಿದೆ. ಆದರೂ ಬೇರೆ ಬೇರೆ ಸಮೀಕ್ಷೆಗಳು ಮತ್ತೆ ಮತ್ತೆ ಹೇಳುವುದು ಒಂದೇ: ಹೊರರೋಗಿ ವಿಭಾಗದ ಫಿಸಿಯೋಗಳಲ್ಲಿ ಹೆಚ್ಚಿನವರು ಮೊದಲ ಭೇಟಿಯಲ್ಲಿ ಬಿಪಿಯನ್ನೇ ನೋಡುವುದಿಲ್ಲ. ಕಾರಣ ಕೇಳಿದರೆ ಸಮಯವಿಲ್ಲ ಎನ್ನುತ್ತಾರೆ.

ಮಲಗಿದ್ದವರ ಬಿಪಿ ಒಮ್ಮೆ, ನಿಂತ ಮೇಲೆ ಒಂದನೇ ನಿಮಿಷಕ್ಕೆ ಒಮ್ಮೆ, ಮೂರನೇ ನಿಮಿಷಕ್ಕೆ ಇನ್ನೊಮ್ಮೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಅವರು ಬಿದ್ದದ್ದು ಮೊಣಕಾಲಿನ ಬಲಹೀನತೆಯಿಂದಲ್ಲದೆ ಇರಬಹುದು. ನಮ್ಮ ವಿಭಾಗದಲ್ಲಿ ಬಿಪಿ ಯಂತ್ರ ಬಹಳ ಕಾಲ ಬೀರುವಿನೊಳಗೆ ಇರುತ್ತಿತ್ತು. ಈಗ ಚೀಟಿ ತೆಗೆದುಕೊಳ್ಳುವ ಮೇಜಿನ ಮೇಲಿದೆ.